ಕೋವಿಗೆ ಸ್ಕೋಪ್: ಕೊಳ್ಳುವ ಮುನ್ನ ಸದಸ್ಯರು ತಿಳಿದಿರಬೇಕಾದ ವಿಷಯಗಳು

ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತದ ಜೊತೆಗೆ ಈಚೆಗೆ ಇನ್ನೊಂದು ವಿಷಯವನ್ನೂ ವಿಚಾರಿಸುತ್ತಿದ್ದಾರೆ. ಅದು ಗುರಿ ಸ್ಪರ್ಧೆಗಾಗಿ ಕೋವಿಯ ಮೇಲೆ ಕೂರಿಸುವ ಚಿಕ್ಕ ದುರ್ಬೀನು, ಅಂದರೆ ಸ್ಕೋಪ್. ಹೀಗೆ ಕೇಳುವವರಲ್ಲಿ ಎರಡು ಬಗೆ. ತೋಟ ಊರಿನಲ್ಲಿದ್ದು ಮಕ್ಕಳ ಓದಿಗೆಂದು ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮನೆ ಮಾಡಿರುವವರು ಮೊದಲನೆಯವರು. ಇವರ ಮಕ್ಕಳು ಸಂಜೆ ಹೊತ್ತು ಏರ್ ರೈಫಲ್ ಅಭ್ಯಾಸಕ್ಕೆ ಹೋಗುತ್ತಾರೆ. ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿ ಸ್ಪರ್ಧೆಯಲ್ಲಿ ಕೈ ನೋಡಬೇಕೆನ್ನುವ ಕೊಡಗಿನ ಸದಸ್ಯರು ಎರಡನೆಯವರು.

ಐದು ಎಕರೆಯ ಬೆಳೆಗಾರನು ನೂರು ಎಕರೆಗೆ ಬೇಕಾಗುವ ಪಲ್ಪರ್ ಕೊಂಡರೆ ಆಗುವ ಗತಿಯೇ ಸ್ಕೋಪಿನ ವಿಷಯದಲ್ಲಿಯೂ ಆಗುತ್ತದೆ. ಅಂಗಡಿಯವನು ತೋರಿಸುವ ದೊಡ್ಡ ಅಂಕಿಗೆ ಹಣ ಸುರಿದು, ಕೆಲಸಕ್ಕೆ ಬೇಕಾದ ಗುಣಕ್ಕೆ ಹಣ ಉಳಿಯುವುದಿಲ್ಲ. ಆದ್ದರಿಂದ ಮೊದಲು ಸ್ಪರ್ಧೆಯ ನಿಯಮ, ಅನಂತರ ಗುರಿಯ ದೂರ, ಕೊನೆಗೆ ಸ್ಕೋಪ್ ಎಂಬ ಕ್ರಮದಲ್ಲಿ ಯೋಚಿಸಬೇಕೆಂದು ಸದಸ್ಯರಲ್ಲಿ ನಮ್ಮ ಸಲಹೆ.

1. ಸ್ಪರ್ಧೆಯ ನಿಯಮ

ಒಲಿಂಪಿಕ್ ಮಾದರಿಯ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಅಲ್ಲಿ ಪೀಪ್ ಸೈಟ್ ಬಳಸಬೇಕು. ಕಣ್ಣಿನ ಬಳಿ ಸಣ್ಣ ತೂತಿನ ಬಿಲ್ಲೆ, ನಳಿಗೆಯ ತುದಿಯಲ್ಲಿ ಒಂದು ಬಳೆ, ಇಷ್ಟೇ ಅದರ ರಚನೆ. ದೊಡ್ಡದಾಗಿ ತೋರಿಸುವ ಗಾಜು ಅದರಲ್ಲಿ ಇರುವುದಿಲ್ಲ. 10 ಮೀಟರ್ ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಗಸಗಸೆ ಕಾಳಿಗಿಂತಲೂ ಸಣ್ಣದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ ಸಾಧನದಿಂದಲೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಪಡೆದದ್ದೂ ಸ್ಕೋಪಿಲ್ಲದೆಯೇ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೆನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಸ್ಪರ್ಧೆಯಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ಬೆಳ್ಳಿ ಪಡೆದು ದೇಶಕ್ಕೆ ಒಲಿಂಪಿಕ್ ಸ್ಥಾನ ಗಳಿಸಿಕೊಟ್ಟದ್ದನ್ನೂ ಮಕ್ಕಳಿಗೆ ಹೇಳಬಹುದು.

ಆದುದರಿಂದ ಮಗನಿಗೋ ಮಗಳಿಗೋ ಈ ಸ್ಪರ್ಧೆಗಳಿಗಾಗಿ ಸ್ಕೋಪ್ ಕೊಂಡರೆ ಹಣ ದಂಡ. ಸಾಮಗ್ರಿ ತಪಾಸಣೆಯಲ್ಲೇ ಅದನ್ನು ಕಳಚಿಸುತ್ತಾರೆ. ಗುರಿ ಮಸುಕಾಗಿ ಕಾಣುತ್ತದೆಂದು ಮಗು ಹೇಳಿದರೆ ಮೊದಲು ಕಣ್ಣಿನ ವೈದ್ಯರಲ್ಲಿ ತೋರಿಸತಕ್ಕದ್ದು. ದೃಷ್ಟಿದೋಷಕ್ಕೆ ತಕ್ಕ ಗಾಜನ್ನು ಹಿಂದಿನ ಸೈಟಿಗೆ ಅಳವಡಿಸಿಕೊಳ್ಳಲು ನಿಯಮದಲ್ಲಿ ಅವಕಾಶವುಂಟು. 50 ಮೀಟರ್ ಅಭ್ಯಾಸದಲ್ಲಿ ಕಾಗದದ ಮೇಲೆ ಗುಂಡು ಎಲ್ಲಿ ಬಿತ್ತೆಂದು ನೋಡಲು ಕಾಲುಮಣೆಯ ಮೇಲೆ ಬೇರೆಯಾಗಿ ನಿಲ್ಲಿಸುವ ದುರ್ಬೀನಿಗೂ ತಕರಾರಿಲ್ಲ.

ಹಾಗಾದರೆ ಸ್ಕೋಪ್ ಎಲ್ಲಿ ಸಲ್ಲುತ್ತದೆ? ಓಡುವ ಗುರಿಯ ಸ್ಪರ್ಧೆಯಲ್ಲಿ ಸಲ್ಲುತ್ತದೆ. ಆದರೆ 10 ಮೀಟರಿನಲ್ಲಿ ಅದು 4 ಪಟ್ಟು ಮೀರುವಂತಿಲ್ಲ. ಮೇಜಿನ ಮೇಲೆ ಕೋವಿಯಿಟ್ಟು ಹೊಡೆಯುವ ಬೆಂಚ್‌ರೆಸ್ಟ್, ಮಲಗಿ ಬಹು ದೂರಕ್ಕೆ ಹೊಡೆಯುವ ಎಫ್-ಕ್ಲಾಸ್ ಇವು ಸ್ಕೋಪನ್ನೇ ನಂಬಿದ ಸ್ಪರ್ಧೆಗಳು. ಆದರೆ ಎಫ್-ಕ್ಲಾಸಿಗೆ ಬೇಕಾದ 300 ಗಜ ಮೇಲ್ಪಟ್ಟ ರೇಂಜ್ ನಮ್ಮಂಥವರಿಗೆ ಸಿಗುವುದು ಅಪರೂಪವಾದ್ದರಿಂದ ಆ ದೂರಕ್ಕೆಂದೇ ಮಾಡಿದ ದುಬಾರಿ ಸ್ಕೋಪಿನ ಆಸೆ ಬೇಡ.

ಇನ್ನು ಕೊಡಗಿನ ವಿಷಯ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಿದ ಮೇಲೆ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. .22 ರೈಫಲ್, 12 ಬೋರ್ ಬಂದೂಕು, ಏರ್‌ಗನ್ ಎಂದು ವಿಭಾಗಗಳಿರುವುದು ರೂಢಿ. ದೂರವನ್ನೂ ಸ್ಕೋಪಿಗೆ ಅವಕಾಶವುಂಟೋ ಇಲ್ಲವೋ ಎಂಬುದನ್ನೂ ಆಯಾ ಊರಿನ ಸಂಘಟಕರೇ ತೀರ್ಮಾನಿಸುತ್ತಾರೆ. ಕೊಳ್ಳುವ ಮೊದಲೇ ಅವರನ್ನು ಕೇಳಿ ತಿಳಿಯತಕ್ಕದ್ದು. ಮುಂದಿನ ಮಾತುಗಳೆಲ್ಲ ಅವಕಾಶವಿದ್ದವರಿಗಾಗಿ.

2. ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು?

ಸ್ಕೋಪಿನ ಮೇಲೆ 4x32, 3-9x40 ಎಂಬಂಥ ಬರಹ ಇರುತ್ತದೆ. ಮೊದಲ ಅಂಕಿ ಗುರಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆಂಬುದು; ಕೊನೆಯ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 4 ಪಟ್ಟಿನ ಸ್ಕೋಪಿನಲ್ಲಿ 50 ಮೀಟರ್ ದೂರದ ತೆಂಗಿನಕಾಯಿ ಹನ್ನೆರಡೂವರೆ ಮೀಟರಿನಲ್ಲಿ ಇದ್ದಂತೆ ಕಾಣುತ್ತದೆ. ನಿಂತು ಹೊಡೆಯುವವರಿಗೆ ಇಷ್ಟೇ ಸಾಕು. ಪಟ್ಟು ಹೆಚ್ಚಿದಷ್ಟೂ ನಮ್ಮ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ಮೇಜಿನ ಮೇಲೆ ಕೋವಿಯಿಟ್ಟು ಕಾಗದಕ್ಕೆ ಹೊಡೆಯುವವರಿಗೆ ಮಾತ್ರ ಹೆಚ್ಚಿನ ಪಟ್ಟಿನಿಂದ ಲಾಭ.

ಬೆಳಕಿನ ಲೆಕ್ಕವೂ ಸುಲಭ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. 40ನ್ನು 9ರಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆದಿರುವುದಿಲ್ಲ. ಹೀಗಿರುವಾಗ ಹಗಲು ಸ್ಪರ್ಧೆಗೆ 50, 56 ಮಿಲಿಮೀಟರಿನ ದಪ್ಪ ಗಾಜಿಗೆ ಹಣ ಕೊಡುವುದು ವ್ಯರ್ಥ.

3. ಎಲ್ಲಕ್ಕಿಂತ ಮುಖ್ಯವಾದ ಪ್ಯಾರಲಾಕ್ಸ್

ತೂಕದ ಯಂತ್ರದ ಮುಳ್ಳನ್ನು ಎದುರು ನಿಂತು ನೋಡಿದರೆ ಒಂದು ತೂಕ, ಪಕ್ಕದಿಂದ ನೋಡಿದರೆ ಇನ್ನೊಂದು ತೂಕ. ಕಾಫಿ ಮಾರಿದವರಿಗೆ ಇದು ಹೊಸದಲ್ಲ. ಸ್ಕೋಪಿನೊಳಗಿನ ಅಡ್ಡ-ಉದ್ದ ಗೆರೆಗಳಿಗೂ ಹೀಗೆಯೇ ಆಗುತ್ತದೆ. ಕಣ್ಣು ನಡುವಿನಿಂದ ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲೆ ಜರುಗಿದಂತೆ ಕಾಣುತ್ತದೆ. ಇದೇ ಪ್ಯಾರಲಾಕ್ಸ್ ದೋಷ. ಕಾರ್ಖಾನೆಯಲ್ಲಿ ಯಾವುದೋ ಒಂದು ದೂರಕ್ಕೆ ಮಾತ್ರ ಈ ದೋಷ ಇಲ್ಲದಂತೆ ಮಾಡಿರುತ್ತಾರೆ. ದೊಡ್ಡ ರೈಫಲಿನ ಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ 100 ಗಜ ಅಥವಾ 100 ಮೀಟರ್.

ಅಂಥ 40 ಮಿಲಿಮೀಟರ್ ಗಾಜಿನ ಸ್ಕೋಪನ್ನು 50 ಮೀಟರಿನಲ್ಲಿ ಬಳಸಿದರೆ ಎಷ್ಟು ವ್ಯತ್ಯಾಸವಾದೀತು? ಗಾಜಿನ ಅರ್ಧ ಅಗಲ 20 ಮಿಲಿಮೀಟರ್. ಗುರಿ ಇರುವುದು ಹೊಂದಿಸಿದ ದೂರದ ಅರ್ಧಕ್ಕೆ. ಆದ್ದರಿಂದ ಕಣ್ಣು ಪೂರಾ ಅಂಚಿಗೆ ಸರಿದಾಗ 20ರ ಅರ್ಧ, ಅಂದರೆ 10 ಮಿಲಿಮೀಟರಿನಷ್ಟು ತಪ್ಪು. 50 ಮೀಟರ್ ಗುರಿಹಲಗೆಯ ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್! ತೆಂಗಿನಕಾಯಿಗೆ ಇದು ನಡೆದೀತು, ಕಾಗದದ ಸ್ಪರ್ಧೆಗೆ ನಡೆಯದು. ಏರ್‌ಗನ್ನಿನ 10 ಮೀಟರಿಗಂತೂ 100 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ ಚಿತ್ರವೇ ಮಸುಕು.

ಆದ್ದರಿಂದ .22 ರೈಫಲಿಗೆ ಸುಮಾರು 50 ಗಜಕ್ಕೆ ಹೊಂದಿಸಿದ, ರಿಮ್‌ಫೈರ್ ಎಂದು ಬರೆದ ಸ್ಕೋಪನ್ನಾದರೂ ಕೊಳ್ಳಬೇಕು. ಮುಂದಿನ ಗಾಜಿನ ಬಳೆಯನ್ನೋ ಪಕ್ಕದ ಗುಂಡಿಯನ್ನೋ ತಿರುಗಿಸಿ 10 ಗಜದಿಂದಲೇ ದೂರ ಹೊಂದಿಸಿಕೊಳ್ಳುವಂಥದು ಸಿಕ್ಕರೆ ಇನ್ನೂ ಉತ್ತಮ. ಇರುವ ಹಣ ಹೆಚ್ಚು ಪಟ್ಟಿಗೋ ಈ ಸೌಲಭ್ಯಕ್ಕೋ ಎಂಬ ಪ್ರಶ್ನೆ ಬಂದಾಗ ಈ ಸೌಲಭ್ಯಕ್ಕೇ ಕೊಡಿ.

4. ಕ್ಲಿಕ್ಕುಗಳ ಲೆಕ್ಕ

ಗುಂಡು ಬೀಳುವ ಜಾಗವನ್ನು ಸರಿಪಡಿಸಲು ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಒಂದೊಂದು ತಿರುಗುಗುಂಡಿ ಇದ್ದು, ಒಂದೊಂದು ಹಲ್ಲು ತಿರುಗಿದಾಗಲೂ ಕ್ಲಿಕ್ ಎನ್ನುತ್ತದೆ. ಕಾಲು ಮಿನಿಟ್ ಎಂದು ಬರೆದಿದ್ದರೆ ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್, 50 ಮೀಟರಿನಲ್ಲಿ ಮೂರೂವರೆ ಮಿಲಿಮೀಟರಿಗೆ ಸ್ವಲ್ಪ ಮೇಲೆ ಜರುಗುತ್ತದೆ. 0.1 ಮಿಲ್ ಎಂದಿದ್ದರೆ ಅನುಕ್ರಮವಾಗಿ 10 ಮತ್ತು 5 ಮಿಲಿಮೀಟರ್. ಯಾವುದಾದರೂ ಆಗಬಹುದು; ಹೇಳಿದಷ್ಟೇ ಜರುಗಿ, ತಿರುಗಿ ಬಂದಾಗ ಮೊದಲಿನ ಜಾಗಕ್ಕೇ ಬರಬೇಕು.

ಇದನ್ನು ರೇಂಜಿನಲ್ಲಿ ಪರೀಕ್ಷಿಸುವ ಬಗೆ ಹೀಗಿದೆ. ಕೋವಿಯನ್ನು ಮರಳುಚೀಲದ ಮೇಲಿಟ್ಟು 50 ಮೀಟರಿನಲ್ಲಿ ಒಂದೇ ಬಿಂದುವಿಗೆ ಗುರಿಯಿಟ್ಟು ಮೂರು ಗುಂಡು ಹೊಡೆಯಿರಿ. 40 ಕ್ಲಿಕ್ ಮೇಲೆ ತಿರುಗಿಸಿ ಅದೇ ಬಿಂದುವಿಗೆ ಮೂರು, 40 ಬಲಕ್ಕೆ ತಿರುಗಿಸಿ ಮೂರು, 40 ಕೆಳಕ್ಕೆ ತಿರುಗಿಸಿ ಮೂರು, ಕೊನೆಗೆ 40 ಎಡಕ್ಕೆ ತಿರುಗಿಸಿ ಮೂರು. ಕಾಗದದ ಮೇಲೆ ಸುಮಾರು ಹದಿನಾಲ್ಕೂವರೆ ಸೆಂಟಿಮೀಟರ್ ಬದಿಯ ಚೌಕ ಮೂಡಿ, ಕೊನೆಯ ಮೂರು ಗುಂಡು ಮೊದಲಿನ ಮೂರರ ಜಾಗದಲ್ಲೇ ಬಿದ್ದರೆ ಸ್ಕೋಪ್ ನಂಬಿಕೆಗೆ ಅರ್ಹ. ಈ ಲೆಕ್ಕ ಕಾಲು ಮಿನಿಟ್ ಕ್ಲಿಕ್ಕಿನದು. ಪೂರಾ ಪರೀಕ್ಷೆಗೆ ಒಂದೇ ಪೆಟ್ಟಿಗೆಯ ತೋಟಾಗಳನ್ನು ಬಳಸತಕ್ಕದ್ದು.

5. ಮೌಂಟು ಮತ್ತು ಕೋವಿಯ ಒದೆತ

ಸ್ಕೋಪನ್ನು ಕೋವಿಗೆ ಹಿಡಿದಿಡುವ ಬಳೆಗಳಿಗೆ ಮೌಂಟ್ ಎನ್ನುತ್ತಾರೆ. ಹಲವರು ಸ್ಕೋಪಿಗೆ ಹಣ ಮುಗಿಸಿ ಇದನ್ನು ಅಗ್ಗದಲ್ಲಿ ತರುತ್ತಾರೆ. ಮೌಂಟು ಕೂದಲೆಳೆಯಷ್ಟು ಅಲುಗಾಡಿದರೂ ಒಳ್ಳೆಯ ಗಾಜು ಪ್ರಯೋಜನಕ್ಕಿಲ್ಲ. ಏರ್ ರೈಫಲ್ ಮತ್ತು .22ಗಳಲ್ಲಿ ಸಾಮಾನ್ಯವಾಗಿ 11 ಮಿಲಿಮೀಟರಿನ ಗಾಡಿ ಇರುತ್ತದೆ, ಬೇರೆ ಕೋವಿಗಳಲ್ಲಿ ಅಗಲವಾದ ಹಲ್ಲುಪಟ್ಟಿ ಇರುತ್ತದೆ. ಸ್ಕೋಪಿನ ಕೊಳವೆಯೂ 25.4 ಮಿಲಿಮೀಟರ್, 30 ಮಿಲಿಮೀಟರ್ ಎಂದು ಬೇರೆ ಬೇರೆ. ಎರಡನ್ನೂ ಅಳೆದು ಬರೆದುಕೊಂಡು ಹೋಗಿ.

ಸ್ಪ್ರಿಂಗ್ ಏರ್‌ಗನ್ ಇರುವವರಿಗೆ ವಿಶೇಷ ಎಚ್ಚರಿಕೆ. ಗುಂಡಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ಒಳಗಿನ ಪಿಸ್ಟನ್ ತುದಿ ಮುಟ್ಟಿದ ಕೂಡಲೇ ಮುಂದಕ್ಕೆ, ಹೀಗೆ ಎರಡು ಸಲ ಒದೆಯುತ್ತದೆ. ದೊಡ್ಡ ರೈಫಲಿನ ಒದೆತ ತಡೆಯುವ ಸ್ಕೋಪು ಕೂಡ ಇದರಿಂದ ಒಳಗೆ ಸಡಿಲವಾಗುವುದುಂಟು. ಏರ್‌ಗನ್ನಿಗೆ ತಕ್ಕದ್ದೆಂದು ತಯಾರಕರು ಬರೆದುಕೊಟ್ಟಿದ್ದನ್ನೇ ಕೊಳ್ಳಿ. ಸ್ಕೋಪು ಹಿಂದೆ ಜಾರದಂತೆ ತಡೆಯುವ ಗೂಟವಿರುವ ಮೌಂಟು ಹಾಕಿಸಿ. ದೊಡ್ಡ ಕೋವಿಯವರು ಕಣ್ಣಿಗೂ ಸ್ಕೋಪಿಗೂ ಒಂಬತ್ತು ಸೆಂಟಿಮೀಟರ್ ಅಂತರವಾದರೂ ಇರುವುದನ್ನು ಆರಿಸಬೇಕು. ಇಲ್ಲದಿದ್ದರೆ ಹುಬ್ಬು ಒಡೆಯುವುದು ಖಂಡಿತ.

ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿ ಆರು ಪಾಲು ಸ್ಕೋಪಿಗೆ, ಎರಡು ಪಾಲು ಮೌಂಟಿಗೆ, ಎರಡು ಪಾಲು ಪರೀಕ್ಷೆಯ ತೋಟಾಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯ ಲೆಕ್ಕ.

6. ಅಂಗಡಿಯಲ್ಲಿ ನೋಡಬೇಕಾದದ್ದು

ಸ್ಕೋಪನ್ನು ಕೋವಿಗೆ ಹಾಕದೆ ಕೈಯಲ್ಲೇ ಹಿಡಿದು, ಬಾಗಿಲಿನಿಂದ ದೂರದ ಅಂಗಡಿಯ ಬೋರ್ಡಿನ ಸಣ್ಣ ಅಕ್ಷರಗಳನ್ನು ಓದಿರಿ. ನಡುವೆ ಮಾತ್ರವಲ್ಲದೆ ಅಂಚಿನಲ್ಲೂ ಅಕ್ಷರ ಸ್ಪಷ್ಟವಿರಬೇಕು. ಸ್ಕೋಪನ್ನು ಅಲುಗಿಸದಂತೆ ಒರಗಿಸಿಟ್ಟು ತಲೆಯನ್ನು ಮಾತ್ರ ಅತ್ತಿತ್ತ ಆಡಿಸಿ. ಗೆರೆ ಜರುಗಿದರೆ ಅದೇ ಪ್ಯಾರಲಾಕ್ಸ್. ಕ್ಲಿಕ್ಕುಗಳು ಕೈಗೆ ಖಚಿತವಾಗಿ ತಿಳಿಯಬೇಕು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬಾರದು, ಕಣ್ಣೇ ಹೋದೀತು. ಹೆಸರಾಂತ ತಯಾರಿಕೆಗಳ ನಕಲಿ ಮಾಲು ಇರುವುದರಿಂದ ಬಿಲ್ಲು, ಗ್ಯಾರಂಟಿ ಕಾರ್ಡು ಕೇಳಿ ಪಡೆಯಿರಿ. ಬಿಲ್ಲಿಲ್ಲದ ಅಗ್ಗದ ಮಾಲಿಗಿಂತ ಕ್ಲಬ್ಬಿನ ಹಿರಿಯ ಶೂಟರೊಬ್ಬರು ಬಳಸಿ ಬಿಟ್ಟ ಒಳ್ಳೆಯ ಸ್ಕೋಪು ಎಷ್ಟೋ ಮೇಲು.

7. ನಮ್ಮ ಮಳೆಗಾಲ

ಬೆಂಗಳೂರಿನ ಹವೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಗಾಜು ಮಲೆನಾಡಿನ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ತೇವ ಸೇರಿದರೆ ಗಾಜಿನ ಒಳಮೈಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ, ಅದನ್ನು ಒರೆಸಿ ತೆಗೆಯಲು ಬರುವುದಿಲ್ಲ. ಒಳಗೆ ಸಾರಜನಕ ತುಂಬಿ ಮುಚ್ಚಿದ ಸ್ಕೋಪನ್ನೇ ಕೊಳ್ಳಬೇಕು. ಜೂನ್ ಬಂದ ಕೂಡಲೇ ಸ್ಕೋಪನ್ನು ಚರ್ಮದ ಚೀಲದಿಂದ ತೆಗೆದು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಪೊಟ್ಟಣಗಳನ್ನು ಆಗಾಗ ಒಣಗಿಸಬೇಕು. ಗಾಜನ್ನು ಪಂಚೆಯ ಅಂಚಿನಿಂದ ಒರೆಸದೆ, ಮೊದಲು ಧೂಳು ಊದಿ ಆಮೇಲೆ ಮೆತ್ತನೆಯ ಬಟ್ಟೆ ಬಳಸಿ.

8. ಕಾನೂನು ಮತ್ತು ಜಾಗ್ರತೆ

.22 ಮತ್ತಿತರ ಗುಂಡಿನ ಕೋವಿಗಳಿಗೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನು ಹತ್ತು ವರ್ಷ, ಅಂದರೆ 2029ರ ವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೂ ಕೋವಿಯನ್ನು ಅಭ್ಯಾಸಕ್ಕೆಂದು ಬೆಂಗಳೂರಿಗೆ ತರುವ ಮೊದಲು ತಮ್ಮ ಪತ್ರದ ಷರತ್ತುಗಳನ್ನು ಓದಿ ಠಾಣೆಯಲ್ಲಿ ವಿಚಾರಿಸುವುದು ಕ್ಷೇಮ.

.22ರ ಸಣ್ಣ ಗುಂಡು ಒಂದೂವರೆ ಕಿಲೋಮೀಟರ್ ವರೆಗೂ ಹೋಗಬಲ್ಲದು. ಸ್ಕೋಪಿನಲ್ಲಿ ಗುರಿ ದೊಡ್ಡದಾಗಿ ಕಾಣುತ್ತದೆ, ಅದರ ಹಿಂದಿನ ಕಾಲುದಾರಿ ಕಾಣುವುದಿಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ತೋಟದಲ್ಲಿ ಗುಂಡು ಹಾರಿಸಬಾರದು. ಬನಶಂಕರಿಯ ತಾರಸಿಯಾಗಲಿ, ಬಿ.ಟಿ.ಎಂ. ಬಡಾವಣೆಯ ಖಾಲಿ ನಿವೇಶನವಾಗಲಿ ಏರ್‌ಗನ್ ಅಭ್ಯಾಸಕ್ಕೂ ತಕ್ಕ ಜಾಗವಲ್ಲ; ಮಕ್ಕಳು ಮೇಲ್ವಿಚಾರಕರಿರುವ ರೇಂಜಿನಲ್ಲಿಯೇ ಹೊಡೆಯಲಿ. ಕೋವಿಗೆ ಹಾಕಿದ ಸ್ಕೋಪಿನಿಂದ ಜನರನ್ನೋ ದನವನ್ನೋ ನೋಡುವುದೂ ಕೂಡದು, ಏಕೆಂದರೆ ಆಗ ನಳಿಗೆಯೂ ಅತ್ತಲೇ ತಿರುಗಿರುತ್ತದೆ. ಇನ್ನು ತೋಟಕ್ಕೆ ನುಗ್ಗುವ ಪ್ರಾಣಿಗಳ ಮೇಲೆ ಸ್ಕೋಪ್ ಪ್ರಯೋಗಿಸುವ ಯೋಚನೆ ಯಾರಿಗಾದರೂ ಇದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನಪಿಸುತ್ತೇವೆ. ಬೆಳೆ ನಷ್ಟದ ದೂರಿಗೆ ಅರಣ್ಯ ಇಲಾಖೆಯ ದಾರಿ ಬೇರೆಯೇ ಇದೆ.

ಸ್ಪರ್ಧೆಯ ನಿಯಮ, ಗುರಿಯ ದೂರ, ಗಾಡಿಯ ಅಗಲ, ಕೋವಿಯ ಬಗೆ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು. ಚೀಟಿಯಲ್ಲಿ ಇಲ್ಲದ ಗುಣಕ್ಕೆ ಅಂಗಡಿಯವನು ಬೆಲೆ ಹೇಳಿದರೆ ಆ ಹಣವನ್ನು ತೋಟಾಗಳಿಗೂ ರೇಂಜಿನ ಶುಲ್ಕಕ್ಕೂ ಉಳಿಸಿಕೊಳ್ಳಿ. ಗುರಿ ಕುದುರುವುದು ಅಭ್ಯಾಸದಿಂದ.