ನೂರು ಕೆರೆ ದಾಟಿ ಒಂದಕ್ಕೂ ಕಾಲಿಡಲಿಲ್ಲ!

"ಅಜ್ಜಾ, ನಾವು ನೂರು ಕೆರೆ ದಾಟಿದ್ವಿ. ಒಂದಕ್ಕೂ ಕಾಲಿಡಲಿಲ್ಲ."

ಮೂರು ವರ್ಷದ ಹಿಂದೆ ಫಿನ್ಲೆಂಡಿನ ಸರೋವರ ಸೀಮೆ ಸುತ್ತಿ ಮಗನ ಮನೆಗೆ ವಾಪಸಾಗುವಾಗ, ಕಾರಿನ ಹಿಂದಿನ ಸೀಟಿನಿಂದ ಮೊಮ್ಮಗಳು ಹೇಳಿದ ಮಾತಿದು. ಅವಳಿಗೆ ಆಗ ಏಳು ವರ್ಷ. ಪಕ್ಕದಲ್ಲಿದ್ದ ಅವಳ ಅಜ್ಜಿ, ಅಂದರೆ ನನ್ನ ಹೆಂಡತಿ, ಏನೂ ಹೇಳಲಿಲ್ಲ. ಮಂಡಿ ನೀವಿಕೊಳ್ಳುತ್ತಾ ಸುಮ್ಮನೆ ನಕ್ಕಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ನಗುವಿನ ಅರ್ಥ ಗೊತ್ತಾಗದೇ ಇರುತ್ತದೆಯೇ?

ತಪ್ಪು ನನ್ನದೇ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು ನಾನು. ಪ್ರವಾಸಕ್ಕೂ ಲೆಡ್ಜರನ್ನೇ ಬರೆದಿದ್ದೆ: 4 ದಿನ, 11 ಊರು, 1,200 ಕಿಲೋಮೀಟರ್. ಒಂದೊಂದು ಊರು ಮುಗಿದಂತೆ ಟಿಕ್ ಹಾಕುತ್ತಾ ಹೋದೆ. ಕೊನೆಗೆ ಲೆಕ್ಕವೇನೋ ಟ್ಯಾಲಿ ಆಯಿತು. ಆದರೆ ನೋಡಿದ್ದು ಮಾತ್ರ ಗಾಜಿನ ಆಚೆ ಓಡುವ ನೀರು ಮತ್ತು ಪೈನ್ ಮರ. ಪ್ರತಿ ರಾತ್ರಿ ಬೇರೆ ಹೋಟೆಲು, ಪ್ರತಿ ಬೆಳಿಗ್ಗೆ ಪೆಟ್ಟಿಗೆ ಕಟ್ಟುವ ಕೆಲಸ.

ಈ ವರ್ಷ ಮತ್ತೆ ಹೋಗುತ್ತಿದ್ದೇವೆ. ನನಗೆ 74, ಅವಳಿಗೆ 70. ಇನ್ನೊಂದು ಸಲ ಅಷ್ಟು ದೂರದ ವಿಮಾನ ಹತ್ತುತ್ತೇವೆಂಬ ಭರವಸೆ ನಮಗಿಬ್ಬರಿಗೂ ಇಲ್ಲ. ಆದ್ದರಿಂದ ಈ ಸಲದ ಯೋಜನೆಯನ್ನು ಮೊಮ್ಮಗಳ ಜೊತೆ ಕೂತು ಮಾಡುತ್ತಿದ್ದೇನೆ. ಅವಳು ಎಸ್ಪೋದಲ್ಲಿ, ನಾನು ಸಾಗರದಲ್ಲಿ. ಪ್ರತಿ ಭಾನುವಾರ ವಿಡಿಯೋ ಕರೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ನಾವು ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು.

ಕೆರೆ ಅಂದರೆ ಎಂಥ ಕೆರೆ?

ಫಿನ್ಲೆಂಡಿಗೆ 'ಸಾವಿರ ಸರೋವರಗಳ ನಾಡು' ಎಂಬ ಹೆಸರಿದೆ. ಅದು ಆ ಜನರ ವಿನಯ ಅಷ್ಟೇ. 500 ಚದರ ಮೀಟರಿಗಿಂತ ದೊಡ್ಡದಾದ ನೀರನ್ನೆಲ್ಲ ಎಣಿಸಿದರೆ ಅಲ್ಲಿ ಸುಮಾರು 1,88,000 ಸರೋವರಗಳಿವೆ. ಇಡೀ ದೇಶದ ಜನಸಂಖ್ಯೆ 56 ಲಕ್ಷದ ಆಸುಪಾಸು. ಅಂದರೆ ಮೂವತ್ತು ಜನಕ್ಕೆ ಒಂದು ಕೆರೆ!

ಇಷ್ಟೊಂದು ನೀರು ಎಲ್ಲಿಂದ ಬಂತು? ಹಿಮಯುಗದಲ್ಲಿ ಆ ನೆಲದ ಮೇಲೆ ದಪ್ಪನೆಯ ಹಿಮದ ಹಾಸು ಕೂತಿತ್ತು. ಸುಮಾರು 10 ಸಾವಿರ ವರ್ಷಗಳ ಹಿಂದೆ ಅದು ಕರಗಿ ಹಿಂದೆ ಸರಿಯಿತು. ಅದು ಕೆರೆದ ತಗ್ಗುಗಳಲ್ಲಿ ನೀರು ನಿಂತಿತು. ಹಿಮದ ಅಡಿಯಲ್ಲಿ ಹರಿಯುತ್ತಿದ್ದ ಹೊಳೆಗಳು ತಂದು ಸುರಿದ ಮರಳು, ಜಲ್ಲಿ ಉದ್ದನೆಯ ಏರಿಗಳಾದವು. ಇವಕ್ಕೆ ಅವರು 'ಹರ್ಯು' ಎನ್ನುತ್ತಾರೆ. ಎರಡೂ ಕಡೆ ಸರೋವರ, ನಡುವೆ ಕಿರಿದಾದ ಏರಿ, ಅದರ ಮೇಲೆ ರಸ್ತೆ. ನಮ್ಮ ಕೆರೆ ಏರಿಯ ಮೇಲೆ ಗಾಡಿ ಓಡಿಸಿದ ಹಾಗೆಯೇ. ಆದರೆ ಆ ಏರಿಯನ್ನು ಕಟ್ಟಿದ್ದು ಮನುಷ್ಯರಲ್ಲ, ಹಿಮ.

ಮಕ್ಕಳಿಗೊಂದು ಆಟ ಹೇಳುತ್ತೇನೆ. 'ಯಾರ್ವಿ' ಎಂದರೆ ಸರೋವರ, 'ಸಾರಿ' ದ್ವೀಪ, 'ಕೊಸ್ಕಿ' ಭೋರ್ಗರೆಯುವ ಹರಿವು, 'ಲಾಹ್ತಿ' ಕೊಲ್ಲಿ, 'ಲಿನ್ನಾ' ಕೋಟೆ, 'ಮ್ಯಾಕಿ' ಗುಡ್ಡ. ಇಷ್ಟು ಗೊತ್ತಿದ್ದರೆ ನಕ್ಷೆಯ ಊರುಗಳೇ ಮಾತಾಡುತ್ತವೆ. ಸವೊನ್‌ಲಿನ್ನಾದಲ್ಲಿ ಕೋಟೆ ಇದೆ, ಪುಂಕಹರ್ಯುವಿನಲ್ಲಿ ಏರಿ ಇದೆ. ಈ ಪದಗಳನ್ನು ನನಗೆ ಕಲಿಸಿದ್ದು ಮೊಮ್ಮಗಳು. ಅದಕ್ಕೆ ಬದಲಾಗಿ ಅವಳು ಪ್ರತಿ ವಾರ ಯೋಜನೆಯ ಪಟ್ಟಿಯನ್ನು ಕನ್ನಡದಲ್ಲಿ ಬರೆದು ತೋರಿಸಬೇಕು. 'ಸರೋವರ' ಬರೆಯಲು ಮೂರು ವಾರ ಬೇಕಾಯಿತು. ಈಗ ತಪ್ಪಿಲ್ಲದೆ ಬರೆಯುತ್ತಾಳೆ.

ಯಾವಾಗ ಹೋಗಬೇಕು?

ನಮ್ಮ ಶಾಲೆಗಳ ರಜೆ ಏಪ್ರಿಲ್–ಮೇ. ಆಗ ಹೋದರೆ ಮೋಸ. ಏಪ್ರಿಲ್‌ನಲ್ಲಿ ಅಲ್ಲಿನ ಬಹುಪಾಲು ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತದೆ. ಜೂನ್ ಕೊನೆಯ ಭಾಗದಲ್ಲಿ 'ಯುಹಾನ್ನುಸ್' ಎಂಬ ದೊಡ್ಡ ಹಬ್ಬ. ಆ ಶುಕ್ರವಾರ, ಶನಿವಾರ ಊರೆಲ್ಲ ಖಾಲಿ; ಜನ ಕೆರೆ ದಂಡೆಯ ಮರದ ಮನೆಗಳಿಗೆ ಹೋಗಿಬಿಡುತ್ತಾರೆ. ಇಂಥ ಬೇಸಿಗೆ ಮನೆಗಳು ಆ ದೇಶದಲ್ಲಿ ಐದು ಲಕ್ಷದಷ್ಟಿವೆ. ಜುಲೈ ಅವರ ರಜೆಯ ತಿಂಗಳು. ಸವೊನ್‌ಲಿನ್ನಾದ ಕೋಟೆಯಲ್ಲಿ ಒಪೆರಾ ಉತ್ಸವ ನಡೆಯುವುದೂ ಆಗಲೇ. ಊರಿನೊಳಗೆ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಮೊಮ್ಮಗಳ ಶಾಲೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಶುರು. ಆದ್ದರಿಂದ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಎಂದು ಗೊತ್ತು ಮಾಡಿದೆವು. ಆಗ ನೀರು ಕಾಲಿಡುವಷ್ಟು ಬೆಚ್ಚಗಿರುತ್ತದೆ. ಕಾಡಿನಲ್ಲಿ ನೀಲಿ ಬೆರಿ ಹಣ್ಣು ಮಾಗಿರುತ್ತದೆ. ಇನ್ನೊಬ್ಬರ ಕಾಡಾದರೂ ಅವರ ಮನೆಯಂಗಳ ಬಿಟ್ಟು ಓಡಾಡಬಹುದು, ಹಣ್ಣು, ಅಣಬೆ ಆಯಬಹುದು; ಅದು ಅಲ್ಲಿ ಪ್ರತಿಯೊಬ್ಬರ ಹಕ್ಕು. ಗುರುತಿಲ್ಲದ ಅಣಬೆ ಮಾತ್ರ ಮುಟ್ಟಬೇಡಿ.

ಈ ತಾರೀಖಿನಿಂದ ಒಂದು ನಷ್ಟವೂ ಇದೆ. ಮೊಮ್ಮಗಳಿಗೆ 'ನೊರ್ಪ್ಪಾ' ನೋಡಬೇಕೆಂಬ ಆಸೆ. ಇದು ಸೈಮಾ ಸರೋವರದಲ್ಲಿ ಮಾತ್ರ ಇರುವ ಸೀಲ್ ಪ್ರಾಣಿ. ಹಿಮಯುಗ ಮುಗಿದಾಗ ಸಮುದ್ರದ ಸಂಪರ್ಕ ಕಡಿದು ಸಿಹಿ ನೀರಿನಲ್ಲೇ ಉಳಿದುಹೋದ ಸಂತತಿ. ಜಗತ್ತಿನಲ್ಲಿ ಉಳಿದಿರುವುದು ಕೆಲವೇ ನೂರು. ಹಿಮ ಸಾಲದ ಚಳಿಗಾಲಗಳಲ್ಲಿ ಅವು ಮರಿ ಹಾಕಲು ಗೂಡು ಸಿಗಲೆಂದು ಸ್ವಯಂಸೇವಕರು ಮಂಜುಗಡ್ಡೆಯ ಮೇಲೆ ಹಿಮದ ದಿಬ್ಬಗಳನ್ನು ಕೈಯಾರೆ ಮಾಡಿಕೊಡುತ್ತಾರೆ. ಆದರೆ ನೊರ್ಪ್ಪಾ ಬಂಡೆಯ ಮೇಲೆ ಮಲಗಿ ಚೆನ್ನಾಗಿ ಕಾಣಿಸುವುದು ಮೇ ತಿಂಗಳಿನಲ್ಲಿ. ಆಗಸ್ಟ್‌ನಲ್ಲಿ ಕಾಣುವುದು ಅದೃಷ್ಟ. ಇದನ್ನು ಅವಳಿಗೆ ಹೇಳಲು ಒಂದು ಭಾನುವಾರ ಹಿಂದೆಮುಂದೆ ನೋಡಿದೆ. ಹೇಳಿದಾಗ ಅವಳೆಂದಳು: "ಪರವಾಗಿಲ್ಲ ಅಜ್ಜ, ಅದು ನೀರಿನೊಳಗೆ ಇರತ್ತಲ್ಲ. ನಾವೂ ಅದೇ ನೀರಲ್ಲಿ ಇರ್ತೀವಿ."

ಹೊಸ ದಾರಿ

ಹಳೆಯ ಯೋಜನೆ ಎಲ್ಲಿ ಕೆಟ್ಟಿತ್ತು? ನಾನು ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದಿದ್ದೆ. ಸರೋವರ ಸೀಮೆಯಲ್ಲಿ ರಸ್ತೆ ನೇರ ಹೋಗುವುದಿಲ್ಲ, ನೀರನ್ನು ಬಳಸಿಕೊಂಡು ಹೋಗುತ್ತದೆ. ಎದುರಿಗೆ ಕಾಣುವ ದಂಡೆಗೆ ಕಾರಿನಲ್ಲಿ ಒಂದು ಗಂಟೆ ಆದೀತು. ಹಾಗಾಗಿ ಈ ಸಲ ಮೂರು ನಿಯಮ: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಕೂರುವುದಿಲ್ಲ (ಕೊನೆಯ ದಿನ ಮಾತ್ರ ನಾಲ್ಕು), ಒಂದೇ ಕಡೆ ಕಡಿಮೆಯೆಂದರೆ ಎರಡು ರಾತ್ರಿ, ಪ್ರತಿ ದಿನ ಊಟದ ನಂತರ ಪಟ್ಟಿಯಲ್ಲಿ ಏನೂ ಬರೆಯುವುದಿಲ್ಲ.

ಮೊದಲ ದಿನ ಎಸ್ಪೋದಿಂದ ಸೈಮಾದ ದಕ್ಷಿಣ ದಂಡೆಯ ಲಪ್ಪೇನ್‌ರಾಂತಾ, ಸುಮಾರು 230 ಕಿ.ಮೀ. ಅಲ್ಲಿ ಎರಡು ರಾತ್ರಿ. ಸೈಮಾ ದೇಶದ ಅತಿ ದೊಡ್ಡ ಸರೋವರ, ಸುಮಾರು 4,400 ಚದರ ಕಿ.ಮೀ. ಎರಡನೇ ದಿನ ಹತ್ತಿರದ ಇಮಾತ್ರಾ. ಸೈಮಾದ ನೀರು ವುವೊಕ್ಸಿ ನದಿಯಾಗಿ ಹೊರಗೆ ಧುಮುಕುವ ಜಾಗ ಅದು. 1772ರಲ್ಲೇ ರಷ್ಯಾದ ರಾಣಿ ಕ್ಯಾಥರೀನ್ ಇದನ್ನು ನೋಡಲು ಬಂದಿದ್ದಳು. ಈಗ ಆ ನೀರನ್ನು ವಿದ್ಯುತ್ತಿಗಾಗಿ ಅಣೆಕಟ್ಟಿನಲ್ಲಿ ಹಿಡಿದು, ಬೇಸಿಗೆಯಲ್ಲಿ ಗೊತ್ತಾದ ಹೊತ್ತಿಗೆ ಬಿಡುತ್ತಾರೆ. ಜೋಗದ ಪಕ್ಕದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಮೂರನೇ ದಿನ ಇಮಾತ್ರಾದಿಂದ 62ನೇ ರಸ್ತೆಯಲ್ಲಿ ಪೂಮಲಾ. ದ್ವೀಪಗಳ ನಡುವಿನ ಈ ಪುಟ್ಟ ಊರಿನಲ್ಲಿ 1995ರಲ್ಲಿ 781 ಮೀಟರ್ ಉದ್ದದ ಸೇತುವೆ ಬಂತು. ಅದಕ್ಕೆ ಮೊದಲು ದೋಣಿಯೇ ಗತಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಹೊಳೆಬಾಗಿಲಿನ ಲಾಂಚ್‌ಗೆ ಕಾದ ನಮ್ಮೂರವರ ನೆನಪು ಬಂತು. ಸರೋವರ ಸೀಮೆಯ ಕೆಲವು ಕಡೆ ಈಗಲೂ ಹಳದಿ ಬಣ್ಣದ ಲಾಂಚ್‌ಗಳು ಕಾರು ದಾಟಿಸುತ್ತವೆ. ಅವಕ್ಕೆ 'ಲೊಸ್ಸಿ' ಎನ್ನುತ್ತಾರೆ. ಅವೂ ರಸ್ತೆಯ ಭಾಗವೇ ಆದ್ದರಿಂದ ಹಣವಿಲ್ಲ. ನಕ್ಷೆಯಲ್ಲಿ ಕಂಡ ಲೊಸ್ಸಿಗೆಲ್ಲ ಮೊಮ್ಮಗಳು ಕೆಂಪು ಪೆನ್ಸಿಲಿನ ಗುರುತು ಹಾಕಿದ್ದಾಳೆ.

ಅಲ್ಲಿಂದ ಪುಂಕಹರ್ಯು. ಮೂರು ರಾತ್ರಿ ಕೆರೆ ದಂಡೆಯ ಮರದ ಮನೆ. ಸವೊನ್‌ಲಿನ್ನಾ ಇಲ್ಲಿಂದ ಅರ್ಧ ಗಂಟೆ. ಏಳು ಕಿ.ಮೀ. ಉದ್ದದ ಏರಿಯ ಮೇಲೆ ನಿಧಾನವಾಗಿ ಹೋಗುವುದು, ನಿಲ್ಲುವುದು, ಇಳಿಯುವುದು. 1475ರಲ್ಲಿ ಕಟ್ಟಲು ಆರಂಭಿಸಿದ ಒಲಾವಿನ್‌ಲಿನ್ನಾ ಕೋಟೆಯ ಮೆಟ್ಟಿಲುಗಳು ಕಡಿದು. ಮಂಡಿ ನೋವಿನವರಿಗೆ ಹೇಳಿದ್ದಲ್ಲ. ಆದ್ದರಿಂದ ಮಗ, ಸೊಸೆ, ಮೊಮ್ಮಗಳು ಒಳಗೆ ಹೋಗುತ್ತಾರೆ. ನಾವಿಬ್ಬರು ಎದುರಿನ ದಂಡೆಯ ಬೆಂಚಿನ ಮೇಲೆ. ಹತ್ತಿರದ ಕೆರಿಮ್ಯಾಕಿಯಲ್ಲಿ 1847ರ ಮರದ ಚರ್ಚ್ ಇದೆ. ಮೂರು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ, ಜಗತ್ತಿನಲ್ಲೇ ದೊಡ್ಡದೆನ್ನುವ ಮರದ ಚರ್ಚ್.

ಆರನೇ ದಿನ ಪಶ್ಚಿಮಕ್ಕೆ ಯುವಾಸ್ಕುಲಾ ಕಡೆ, ಮತ್ತೆ ಎರಡು ರಾತ್ರಿ. ಅದರ ಹತ್ತಿರ ಪೆತಾಯಾವೆಸಿಯಲ್ಲಿ 1760ರ ದಶಕದ ಮರದ ಚರ್ಚ್ ಇದೆ. 1994ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಎಂಟನೇ ದಿನ ಪೈಯಾನ್ನೆ ಸರೋವರದ ಪಕ್ಕದಲ್ಲಿ, ಪುಲ್ಕಿಲನ್‌ಹರ್ಯು ಏರಿಯ ಮೇಲೆ ಹಾದು ಮನೆಗೆ. ಈ ಪೈಯಾನ್ನೆಯ ನೀರೇ 120 ಕಿ.ಮೀ. ಉದ್ದದ ಬಂಡೆ ಸುರಂಗದಲ್ಲಿ ರಾಜಧಾನಿ ಹೆಲ್ಸಿಂಕಿಗೆ ಕುಡಿಯಲು ಹೋಗುತ್ತದೆ. ಎಸ್ಪೋದ ಮಗನ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. "ನಾವು ದಿನಾ ಕುಡಿಯೋ ಕೆರೆ" ಎಂದು ಮೊಮ್ಮಗಳು ಪಟ್ಟಿಯಲ್ಲಿ ಬರೆದಿದ್ದಾಳೆ.

ಎಲ್ಲ ಕೂಡಿಸಿ ನೋಡಿದೆ. ಮತ್ತೆ ಅದೇ 1,200 ಕಿ.ಮೀ.! ಆದರೆ 4 ದಿನದ ಬದಲು 8 ದಿನ, 11 ಊರಿನ ಬದಲು ಮೂರೇ ತಂಗುದಾಣ.

ಕಾರು, ಕಾಗದ, ಚೀಲ

ಅಲ್ಲಿ ಕಾರು ರಸ್ತೆಯ ಬಲಗಡೆ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಸಾಮಾನ್ಯ ಹೆದ್ದಾರಿಯಲ್ಲಿ ಫಲಕವಿಲ್ಲದ ಕಡೆ ಗಂಟೆಗೆ 80 ಕಿ.ಮೀ. ಮಿತಿ. ಅತಿ ವೇಗಕ್ಕೆ ಬೀಳುವ ದೊಡ್ಡ ದಂಡ ಅವರವರ ವರಮಾನದ ಲೆಕ್ಕದಲ್ಲಿ! ರಸ್ತೆಗೆ ಟೋಲ್ ಇಲ್ಲ. 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಬೇಕೇ ಬೇಕು. ಮುಸ್ಸಂಜೆ, ನಸುಕಿನಲ್ಲಿ ಮೂಸ್ ಪ್ರಾಣಿ ರಸ್ತೆಗೆ ಬರುತ್ತದೆ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡದು, ಡಿಕ್ಕಿಯಾದರೆ ಜೀವಕ್ಕೇ ಅಪಾಯ. ಆದ್ದರಿಂದ ಸಂಜೆ ಊಟದ ನಂತರ ಕಾರಿನ ಕೀಲಿ ಅಜ್ಜಿಯ ವಶಕ್ಕೆ. ತುರ್ತಿಗೆ ಕರೆಯುವ ಸಂಖ್ಯೆ 112.

ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ನಮ್ಮ ವಯಸ್ಸಿನವರು ಮೊದಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆಗೆ ಆ ವಿಮೆ ಅನ್ವಯಿಸುತ್ತದೆಯೇ ಎಂದು ಸಣ್ಣಕ್ಷರ ಓದಿಯೇ ಸಹಿ ಮಾಡಿ. ಮಾತ್ರೆಗಳ ಚೀಟಿಯಲ್ಲಿ ಔಷಧದ ಮೂಲ ಹೆಸರೂ ಇರಲಿ. ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡಾ ಬೇಡ. ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನ ಹಾಲಿನ ಪದಾರ್ಥ ಬಿಡುವುದಿಲ್ಲ. ಅಡುಗೆಮನೆ ಇರುವ ಮನೆ ಹಿಡಿದರೆ ಅನ್ನ–ಸಾರಿಗೆ ತೊಂದರೆಯಿಲ್ಲ, ಖರ್ಚೂ ಅರ್ಧ. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಮಲೆನಾಡಿನ ಸೊಳ್ಳೆ ಕಂಡ ನಾನೇ ಅಲ್ಲಿ ಸೋತಿದ್ದೇನೆ.

ಕಳೆದ ಭಾನುವಾರ ಅಂತಿಮ ಪಟ್ಟಿ ಓದಿದೆವು. ನಾಲ್ಕನೇ ದಿನದ ಎದುರು ಮೊಮ್ಮಗಳು ಕನ್ನಡದಲ್ಲಿ ಒಂದೇ ಸಾಲು ಬರೆದಿದ್ದಳು: 'ಅಜ್ಜಿ ಕೆರೆಯಲ್ಲಿ ಕಾಲು ಇಡುವುದು.' ಸಮಯ, ದೂರ, ಖರ್ಚು, ಮೂರೂ ಕಾಲಂ ಖಾಲಿ. ನನ್ನ ಕೈ ಅಭ್ಯಾಸಬಲದಿಂದ ಪೆನ್ನಿಗೆ ಹೋಯಿತು. ಹೆಂಡತಿ ಪಕ್ಕದಿಂದ ನೋಡುತ್ತಿದ್ದಳು.

"ಅದನ್ನ ಹಾಗೇ ಬಿಡಿ" ಎಂದಳು.

ಬಿಟ್ಟಿದ್ದೇನೆ.