27ರ ಫ್ರೀಮನ್, 30ರ ನಾನು

ಮೊದಲ ಸಲ ಗಾರ್ಡನ್ ಫ್ರೀಮನ್‌ನನ್ನು ನೋಡಿದಾಗ ನನಗೆ 11 ವರ್ಷ, ಅವನಿಗೆ 27. ಈಗ ನನಗೆ 30 ತುಂಬಿದೆ. ಅವನಿಗೆ ಇನ್ನೂ 27!

ಯಾರಪ್ಪಾ ಇವನು ಅಂತೀರಾ? 1998ರ ನವೆಂಬರ್‌ನಲ್ಲಿ ಬಂದ ‘ಹಾಫ್-ಲೈಫ್’ ಎಂಬ ಕಂಪ್ಯೂಟರ್ ಗೇಮ್‌ನ ನಾಯಕ. ಹೆಸರು ಕೇಳಿಲ್ಲ ಅನ್ನುವವರಲ್ಲೂ ಎಷ್ಟೋ ಜನ ಇದರ ಮಗುವನ್ನು ಆಡಿರ್ತೀರಿ. ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ, ಸೈಬರ್ ಕೆಫೆಗಳಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದ ‘ಕೌಂಟರ್-ಸ್ಟ್ರೈಕ್’ ಇತ್ತಲ್ಲ, ಅದು 1999ರಲ್ಲಿ ಹಾಫ್-ಲೈಫ್‌ನ ಮೇಲೆ ಇಬ್ಬರು ಅಭಿಮಾನಿಗಳು ಕಟ್ಟಿದ ‘ಮಾಡ್’ ಆಗಿ ಶುರುವಾದದ್ದು.

ನಾನು ಹಾಫ್-ಲೈಫ್ ನೋಡಿದ್ದು ಸಾಗರದ ದೊಡ್ಡಪ್ಪನ ಮನೆಯಲ್ಲಿ, ಒಂದು ಬೇಸಿಗೆ ರಜೆಯಲ್ಲಿ. ದೊಡ್ಡಪ್ಪನ ಮಗ ಆಗ ಇಂಜಿನಿಯರಿಂಗ್ ಓದ್ತಿದ್ದ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್, ದಪ್ಪ ಬೆನ್ನಿನ ಮಾನಿಟರ್, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಸಿ.ಡಿ. ಮೌಸ್ ಅಣ್ಣನ ಕೈಲಿ, ಕೀಬೋರ್ಡ್ ನನ್ನ ಕೈಲಿ. ಅಂದರೆ ಗುಂಡು ಹೊಡೆಯೋನು ಅವನು, ಓಡೋನು ನಾನು. ನಮಗೆ ಅರ್ಥವಾಗಿದ್ದ ಕತೆ ಇಷ್ಟೆ: ಯಾವುದೋ ಲ್ಯಾಬ್‌ನಲ್ಲಿ ಏನೋ ಸ್ಫೋಟ ಆಗುತ್ತೆ, ರಾಕ್ಷಸರು ಬರ್ತಾರೆ, ಹೊಡೀಬೇಕು.

ಮೊನ್ನೆ ದಸರಾ ರಜೆಗೆ ರೂಮ್‌ಮೇಟ್‌ಗಳೆಲ್ಲ ಊರಿಗೆ ಹೋದರು. ನನಗೆ ಆನ್-ಕಾಲ್ ಡ್ಯೂಟಿ, ಬೆಂಗಳೂರಲ್ಲೇ ಉಳಿದೆ. ಈ ಗೇಮ್‌ಗೆ 25 ವರ್ಷ ತುಂಬಿದಾಗ, 2023ರ ನವೆಂಬರ್‌ನಲ್ಲಿ, ವಾಲ್ವ್ ಕಂಪನಿ ದೊಡ್ಡ ಅಪ್‌ಡೇಟ್ ಕೊಟ್ಟು ಕೆಲವು ದಿನ ಪುಕ್ಕಟೆ ಹಂಚಿತ್ತು. ಆಗ ಸ್ಟೀಮ್‌ ಲೈಬ್ರರಿಗೆ ಸೇರಿಸಿಟ್ಟವನು ತೆರೆದೇ ಇರಲಿಲ್ಲ. ರಾತ್ರಿ ಊಟ ಮುಗಿಸಿ, ಒಂದರ್ಧ ಗಂಟೆ ನೋಡೋಣ ಅಂತ ಕೂತೆ.

ಬಂದೂಕಿಲ್ಲದ ಐದು ನಿಮಿಷ

ಡೂಮ್, ಕ್ವೇಕ್ ಥರದ ಅಂದಿನ ಶೂಟರ್‌ಗಳಲ್ಲಿ ಆಟ ಶುರುವಾಗುತ್ತಲೇ ಕೈಯಲ್ಲಿ ಬಂದೂಕು. ಹಾಫ್-ಲೈಫ್‌ನಲ್ಲಿ ಮೊದಲು ಸಿಗೋದು ಒಂದು ಟ್ರಾಮ್ ಪ್ರಯಾಣ. ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ‘ಬ್ಲ್ಯಾಕ್ ಮೆಸಾ’ ಎಂಬ ಕಾಲ್ಪನಿಕ ಸಂಶೋಧನಾ ಕೇಂದ್ರ, ಅದರ ನೆಲದಡಿಯ ಸುರಂಗಗಳಲ್ಲಿ ಟ್ರಾಮ್ ಸಾಗುತ್ತೆ. ಸುಮಾರು ಐದು ನಿಮಿಷ ಏನೂ ಮಾಡೋ ಹಾಗಿಲ್ಲ, ಕಿಟಕಿಯಿಂದ ನೋಡಬೇಕು ಅಷ್ಟೆ. ಚಿಕ್ಕವನಿದ್ದಾಗ ‘ಇದ್ಯಾವಾಗ ಮುಗಿಯುತ್ತೋ’ ಅಂತ ಚಡಪಡಿಸಿದ್ದೆ. ಈ ಸಲ ಅದು ನಮ್ಮ ಮೆಟ್ರೊ ಥರವೇ ಕಾಣಿಸಿತು. ಒಬ್ಬ ಉದ್ಯೋಗಿ ಬೆಳಗ್ಗೆ ಆಫೀಸಿಗೆ ಹೋಗ್ತಿದ್ದಾನೆ, ಅದೂ ಲೇಟಾಗಿ.

ಆ ಹೊತ್ತಲ್ಲಿ ಪರದೆ ಮೇಲೆ ಅವನ ವಿವರ ಮೂಡುತ್ತೆ. ವಯಸ್ಸು 27, ಎಂಐಟಿಯಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಪಿಎಚ್.ಡಿ., ಹುದ್ದೆ ರಿಸರ್ಚ್ ಅಸೋಸಿಯೇಟ್. ಕೊನೆಯ ಸಾಲನ್ನು ನಾನು ಆಗ ಓದಿರಲೇ ಇಲ್ಲ. ಅನಾಹುತವಾದರೆ ಇವನ ರಕ್ಷಣೆಗೆ ಎಷ್ಟು ಆದ್ಯತೆ ಅಂದರೆ, ‘ಸಂದರ್ಭ ನೋಡಿಕೊಂಡು’ ಅನ್ನುವರ್ಥದ ಒಂದೇ ಪದ. ಅಷ್ಟು ಓದಿದವನು ಅಷ್ಟೇ ಬೆಲೆಯವನು!

ಒಳಗೆ ಹೋದರೆ ಸೆಕ್ಯುರಿಟಿ ಗಾರ್ಡ್ ಹೇಳ್ತಾನೆ: ಸ್ವಲ್ಪ ಹೊತ್ತಿಗೆ ಮುಂಚೆ ಸಿಸ್ಟಂ ಕ್ರ್ಯಾಶ್ ಆಯ್ತು, ಫೈಲ್‌ಗಳನ್ನ ಇನ್ನೂ ಹುಡುಕ್ತಿದ್ದೀನಿ. ಮುಂದಿನ ಕೋಣೆಯಲ್ಲಿ ಒಬ್ಬ ವಿಜ್ಞಾನಿ, ಇವತ್ತು ಮಾಮೂಲಿ ವಿಧಾನ ಬಿಟ್ಟು ಸ್ವಲ್ಪ ಬೇರೆ ಥರ ಮಾಡ್ತೀವಿ ಅಂತಾನೆ. ಯಂತ್ರವನ್ನು 105 ಪರ್ಸೆಂಟ್‌ಗೆ ಏರಿಸಿದ್ದಾರಂತೆ. ಸ್ವಲ್ಪ ಜೂಜೇ, ಆದರೆ ಮೇಲಿನವರಿಗೆ ರಿಸಲ್ಟ್ ಬೇಕಂತೆ. ಪ್ರಯೋಗ ಶುರುವಾದ ಮೇಲೆ ಸ್ಪೀಕರ್‌ನಲ್ಲಿ ಇನ್ನೊಂದು ದನಿ: ಚಿಕ್ಕ ವ್ಯತ್ಯಾಸ ಕಾಣ್ತಿದೆ, ಬಹುಶಃ ತೊಂದರೆಯಿಲ್ಲ, ಹಾಂ, ಈಗ ಸರಿಹೋಯ್ತು.

ನೀವು ಐಟಿಯವರಾದರೆ ಈ ಮಾತುಗಳನ್ನ ಎಲ್ಲೋ ಕೇಳಿದ್ದೀನಲ್ಲ ಅನ್ಸುತ್ತೆ. ನನಗೂ ಅನ್ನಿಸಿತು.

ಫ್ರೀಮನ್ ಕೆಲಸ ಇಷ್ಟೆ. ಹರಳಿನಂಥ ಒಂದು ಸ್ಯಾಂಪಲ್ ಇಟ್ಟ ತಳ್ಳುಗಾಡಿಯನ್ನು ಕಿರಣದೊಳಗೆ ನೂಕಬೇಕು. ಅಷ್ಟೊತ್ತಿಗೆ ಹಿಂದಿನ ಬಾಗಿಲು ಮುಚ್ಚಿರುತ್ತೆ. ಗಾಡಿ ಮುಂದೆ ಹೋಗದೆ ಕತೆ ಮುಂದೆ ಹೋಗಲ್ಲ. ಹಿಂದೆ ಅಣ್ಣ ‘ತಳ್ಳೋ, ತಳ್ಳೋ’ ಅಂದಿದ್ದ, ನಾನು ಬಾಣದ ಕೀ ಒತ್ತಿದ್ದೆ. ಈ ಸಲ ಗಾಡಿ ಹಿಂದೆ ಬಂದು ನಿಂತವನು ಕೀಬೋರ್ಡಿನಿಂದ ಕೈ ತೆಗೆದೆ.

ಮ್ಯೂಟ್‌ನಲ್ಲಿದ್ದ ನಾನು

ಎರಡು ವರ್ಷದ ಹಿಂದಿನ ಮಾತು. ಆಗಿನ ನನ್ನ ಕಂಪನಿಯಲ್ಲಿ ಪೇಮೆಂಟ್‌ಗೆ ಸಂಬಂಧಿಸಿದ ಒಂದು ಬದಲಾವಣೆ ಲೈವ್ ಹೋಗಬೇಕಿತ್ತು. ತಿಂಗಳ ಕೊನೆ, ಶುಕ್ರವಾರ ಸಂಜೆ. ಒಂದು ಟೆಸ್ಟ್ ಹತ್ತು ಸಲ ಓಡಿಸಿದರೆ ಎರಡು ಸಲ ಫೇಲ್ ಆಗ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ‘ಅದು ಮೊದಲಿಂದಲೂ ಹಂಗೇ, ಮೋಸ್ಟ್ಲಿ ಪ್ರಾಬ್ಲಂ ಇಲ್ಲ’ ಅಂತ ಕಾಲ್‌ನಲ್ಲಿ ಯಾರೋ ಹೇಳಿದರು. ನಾನು ಮ್ಯೂಟ್‌ನಲ್ಲಿದ್ದೆ. ‘ಸೋಮವಾರ ಮಾಡೋಣವಾ?’ ಅಂತ ಚಾಟ್‌ನಲ್ಲಿ ಟೈಪ್ ಮಾಡಿ, ಅಳಿಸಿದೆ. ಬಟನ್ ಒತ್ತುವ ಪಾಳಿ ನನ್ನದೇ ಇತ್ತು. ಒತ್ತಿದೆ.

ಆ ರಾತ್ರಿ ನಾನೂರಕ್ಕೂ ಹೆಚ್ಚು ಜನರ ಖಾತೆಯಿಂದ ಒಂದೇ ಆರ್ಡರ್‌ಗೆ ಎರಡೆರಡು ಸಲ ದುಡ್ಡು ಕಟ್ ಆಯ್ತು. ಎಲ್ಲರಿಗೂ ವಾಪಸ್ ಕೊಟ್ಟೆವು, ಆದರೆ ಬ್ಯಾಂಕ್ ಮೂಲಕ ಹೋಗಿ ಮುಟ್ಟೋಕೆ ಐದಾರು ದಿನ. ‘ಬಾಡಿಗೆಗೆ ಇಟ್ಟಿದ್ದ ದುಡ್ಡು ಸರ್, ಓನರ್‌ಗೆ ಏನು ಹೇಳ್ಲಿ?’ ಅಂತ ಒಬ್ಬರು ಬರೆದಿದ್ದ ದೂರನ್ನು ನಾನೇ ಓದಿದೆ. ಆಮೇಲೆ ಬಂದ ವರದಿಯಲ್ಲಿ ಕಾರಣ: ‘ಅಸ್ಥಿರ ಟೆಸ್ಟ್ ಅನ್ನು ಕಡೆಗಣಿಸಲಾಯಿತು.’ ಯಾರು ಕಡೆಗಣಿಸಿದರು ಅಂತ ಇರಲಿಲ್ಲ. ಸದ್ಯ, ನನ್ನ ಹೆಸರಿಲ್ಲ ಅಂತ ಉಸಿರು ಬಿಟ್ಟೆ. ಆ ಉಸಿರು ಬಿಟ್ಟಿದ್ದೇ ಇವತ್ತಿಗೂ ಚುಚ್ಚುತ್ತೆ.

ಇಡೀ ಗೇಮ್‌ನಲ್ಲಿ ಫ್ರೀಮನ್ ಒಂದೂ ಮಾತಾಡಲ್ಲ. ಆಡುವವನು ತಾನೇ ಫ್ರೀಮನ್ ಅಂದುಕೊಳ್ಳಲಿ ಎಂಬ ಕಾರಣಕ್ಕೆ ಹಾಗಿಟ್ಟಿದ್ದಾರೆ. ಹುಡುಗನಾಗಿದ್ದಾಗ ಆ ಮೌನ ಗತ್ತು ಅನ್ನಿಸಿತ್ತು. ಈಗ ನೋಡಿದರೆ, ಪಿಎಚ್.ಡಿ. ಮಾಡಿದ ಮನುಷ್ಯ ಮೂರು ಎಚ್ಚರಿಕೆ ಕೇಳಿಸಿಕೊಂಡೂ ಬಾಯಿ ಬಿಡದೆ ಗಾಡಿ ತಳ್ಳೋಕೆ ಹೋಗ್ತಿದ್ದಾನೆ.

ಕೊನೆಗೆ ತಳ್ಳಿದೆ. ಹಸಿರು ಮಿಂಚು, ಕುಸಿಯುವ ಸೂರು, ಬೇರೆ ಲೋಕದ ಜೀವಿಗಳು. ಹೊರಗೆ ಬಂದರೆ, ಬದುಕುಳಿದ ವಿಜ್ಞಾನಿಯ ಗೋಳು: ನಾವು ಎಚ್ಚರಿಸಿದ್ವಿ, ಅವರು ಕೇಳಲಿಲ್ಲ.

ಏನು ಹಳತಾಗಿದೆ, ಏನು ಆಗಿಲ್ಲ

ಅರ್ಧ ಗಂಟೆ ಅಂತ ಕೂತವನು ನಾಲ್ಕು ರಾತ್ರಿ ಆಡಿ ಮುಗಿಸಿದೆ. ಮುಖಗಳು ಈಗ ರಟ್ಟಿನ ಡಬ್ಬಿಯ ಹಾಗೆ ಕಾಣ್ತವೆ, ನಿಜ. ವಿಜ್ಞಾನಿಗಳು ಎಷ್ಟೇ ಜನ ಸಿಕ್ಕರೂ ಇರೋದು ನಾಲ್ಕೇ ಮುಖ. ಏಣಿ ಇಳಿಯೋಕೆ ಹೋಗಿ ಎಷ್ಟು ಸಲ ಬಿದ್ದು ಸತ್ತೆನೋ ಲೆಕ್ಕವಿಲ್ಲ. ‘ಝೆನ್’ ಎಂಬ ಪರಲೋಕದ ಕೊನೆಯ ಅಧ್ಯಾಯಗಳಂತೂ ತೇಲುವ ಬಂಡೆಗಳ ಮೇಲೆ ಕುಪ್ಪಳಿಸುವ ಸರ್ಕಸ್. ಅಭಿಮಾನಿಗಳೇ ಸೇರಿ ವರ್ಷಗಟ್ಟಲೆ ಕೂತು ಕಟ್ಟಿದ, 2020ರಲ್ಲಿ ಪೂರ್ಣಗೊಂಡ ‘ಬ್ಲ್ಯಾಕ್ ಮೆಸಾ’ ಎಂಬ ಮರುನಿರ್ಮಾಣದಲ್ಲಿ ಈ ಭಾಗವನ್ನು ಹೊಸದಾಗಿಯೇ ಮಾಡಿದ್ದಾರೆ. ಮೊದಲ ಸಲ ಆಡುವವರು ಅಲ್ಲಿಂದ ಶುರು ಮಾಡಿದರೂ ತಪ್ಪಿಲ್ಲ.

ಆದರೆ ಉಳಿದದ್ದು? ಮಧ್ಯೆ ಸಿನಿಮಾ ಥರ ದೃಶ್ಯ ತೋರಿಸಿ ಕತೆ ಹೇಳುವುದೇ ಇಲ್ಲ. ಎಲ್ಲವೂ ನಮ್ಮ ಕಣ್ಣೆದುರೇ, ನಾವು ಓಡಾಡುತ್ತಿರುವಾಗಲೇ ನಡೆಯುತ್ತೆ. ಮೊದಲ ಆಯುಧ ಒಂದು ಗಿಡ್ಡ ಹಾರೆ. ‘ಬ್ಲಾಸ್ಟ್ ಪಿಟ್’ ಅಧ್ಯಾಯದಲ್ಲಿ ಬಾವಿಯಂಥ ಗುಂಡಿಯಿಂದ ಮೂರು ಉದ್ದ ಕೊಕ್ಕುಗಳು ಮೇಲೆದ್ದು ಬರ್ತವೆ. ಅವಕ್ಕೆ ಕಣ್ಣಿಲ್ಲ, ಸದ್ದು ಕೇಳಿ ಕುಟ್ಟುತ್ತವೆ. ಮೆಲ್ಲಗೆ ಹೆಜ್ಜೆಯಿಡಬೇಕು, ಇಲ್ಲವೇ ಬೇರೆ ಕಡೆ ಗ್ರೆನೇಡ್ ಎಸೆದು ಗಮನ ತಪ್ಪಿಸಬೇಕು. ಆಗ ನಾನೂ ಅಣ್ಣನೂ ಉಸಿರು ಬಿಗಿಹಿಡಿದು ಪಿಸುಗುಟ್ಟುತ್ತಿದ್ದೆವು, ನಮ್ಮ ಮಾತೂ ಅದಕ್ಕೆ ಕೇಳಿಸುತ್ತೆ ಅನ್ನೋ ಹಾಗೆ. ದೊಡ್ಡಮ್ಮ ‘ಕಾಫಿಗೆ ಬರ್ರೋ’ ಅಂತ ಕೂಗಿದಾಗ ಇಬ್ಬರೂ ಕುರ್ಚಿಯಿಂದ ಎಗರಿದ್ದೆವು. ಈ ಸಲ ಒಬ್ಬನೇ ಇದ್ದೆ, ಆದರೂ ಫೋನ್ ಸೈಲೆಂಟ್‌ಗೆ ಹಾಕೋಣ ಅನ್ನಿಸಿತು. ಆನ್-ಕಾಲ್ ನೆನಪಾಗಿ ಬಿಟ್ಟೆ.

ಸೈನ್ಯ ಬರುವ ಭಾಗ ಇನ್ನೂ ತಣ್ಣಗೆ ಹೆದರಿಸುತ್ತೆ. ಕಾಪಾಡೋಕೆ ಬಂದ್ರು ಅಂತ ಖುಷಿಯಿಂದ ಓಡಿಹೋಗುವ ವಿಜ್ಞಾನಿಗೆ ಸೈನಿಕ ಗುಂಡಿಡುತ್ತಾನೆ. ಅನಾಹುತ ಮುಚ್ಚಿಹಾಕಬೇಕಲ್ಲ, ಕಂಡವರು ಉಳಿಯಬಾರದು. ನಮ್ಮ ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ, ಇಲ್ಲಿ ಯಾರನ್ನೂ ಉಳಿಸುವುದಿಲ್ಲ. ಮುಚ್ಚಿಡುವುದರಲ್ಲೂ ಎಷ್ಟೊಂದು ದರ್ಜೆಗಳು!

ಗಾಡಿ ನಿಲ್ಲಿಸಿದವರು

ಮುಗಿಸಿದ ಮೇಲೆ ಇದನ್ನು ಮಾಡಿದವರ ಕತೆ ಓದಿದೆ. ಮೈಕ್ರೋಸಾಫ್ಟ್ ಬಿಟ್ಟುಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ವಾಲ್ವ್ ಶುರು ಮಾಡಿದರು. ಕ್ವೇಕ್ ಗೇಮ್‌ನ ಇಂಜಿನ್‌ಗೆ ಲೈಸೆನ್ಸ್ ತೆಗೆದುಕೊಂಡು ತಮ್ಮ ಮೊದಲ ಗೇಮ್ ಕಟ್ಟತೊಡಗಿದರು. 1997ರ ಕೊನೆಗೆ ಬಿಡುಗಡೆ ಅಂತಾಗಿತ್ತು. ಹತ್ತಿರ ಬಂದಾಗ ತಾವೇ ಆಡಿ ನೋಡಿದರು. ಚೆನ್ನಾಗಿಲ್ಲ ಅನ್ನಿಸಿತು. ಹೇಗೋ ಒಂದು ತೇಪೆ ಹಾಕಿ ಬಿಟ್ಟುಬಿಡಬಹುದಿತ್ತು. ಅದರ ಬದಲು ನಿಲ್ಲಿಸಿದರು. ಇದ್ದುದರಲ್ಲಿ ಒಳ್ಳೆಯ ಐಡಿಯಾಗಳನ್ನೆಲ್ಲ ಒಂದೇ ಲೆವೆಲ್‌ಗೆ ತುರುಕಿ ನೋಡಿ, ಅದು ರುಚಿಸಿದ ಮೇಲೆ ಹೆಚ್ಚುಕಡಿಮೆ ಇಡೀ ಗೇಮನ್ನು ಮತ್ತೆ ಕಟ್ಟಿದರು. ಒಂದು ವರ್ಷ ತಡವಾಯಿತು. ತಡ ಅನ್ನೋದು ಸ್ವಲ್ಪ ದಿನದ ಮಾತು, ಕೆಟ್ಟದಾಗಿ ಮಾಡಿದ್ದು ಶಾಶ್ವತ ಎಂಬರ್ಥದ ಮಾತನ್ನು ನ್ಯೂವೆಲ್ 25ನೇ ವರ್ಷದ ಸಾಕ್ಷ್ಯಚಿತ್ರದಲ್ಲಿ ಹೇಳ್ತಾರೆ.

ಬ್ಲ್ಯಾಕ್ ಮೆಸಾದ ಒಳಗಿನವರು ಯಾರೂ ಮಾಡದ ಕೆಲಸವನ್ನು ಅದನ್ನು ಕಟ್ಟಿದವರು ಮಾಡಿದ್ದರು. ‘ಇದು ಇವತ್ತು ಬೇಡ’ ಅಂದಿದ್ದರು.

ಹೋದ ತಿಂಗಳು ಒಂದು ರಿಲೀಸ್ ಕಾಲ್‌ನಲ್ಲಿ ನಾನೂ ಅಂದೆ. ಲಾಗ್‌ನಲ್ಲಿ ಅರ್ಥವಾಗದ ಒಂದು ಎರರ್ ಇತ್ತು. ಮ್ಯೂಟ್ ತೆಗೆದು, ‘ಇದು ಏನಂತ ಗೊತ್ತಾಗೋವರೆಗೂ ನಾನು ಬಟನ್ ಒತ್ತಲ್ಲ, ಸೋಮವಾರ ಮಾಡೋಣ’ ಅಂದೆ. ದನಿ ನಡುಗಿದ್ದು ಎಲ್ಲರಿಗೂ ಕೇಳಿಸಿರಬೇಕು. ಮ್ಯಾನೇಜರ್ ಒಂದೆರಡು ಸೆಕೆಂಡ್ ಸುಮ್ಮನಿದ್ದು, ‘ಓಕೆ’ ಅಂದರು, ಬೇಸರದಲ್ಲೇ. ಸೋಮವಾರ ನೋಡಿದರೆ ಎರರ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಟೀಮ್‌ನವರು ನಕ್ಕರು, ನಾನೂ ನಕ್ಕೆ. ಆದರೆ ಆ ಶುಕ್ರವಾರ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು.

ಗೇಮ್‌ನ ಕೊನೆಯಲ್ಲಿ ಸೂಟ್ ಹಾಕಿ ಬ್ರೀಫ್‌ಕೇಸ್ ಹಿಡಿದ ಒಬ್ಬ ನಿಗೂಢ ಮನುಷ್ಯ ಫ್ರೀಮನ್‌ಗೆ ಕೆಲಸದ ಆಫರ್ ಕೊಡ್ತಾನೆ. ಸಂಬಳ ಎಷ್ಟು, ಬಾಸ್ ಯಾರು, ಏನೂ ಹೇಳಲ್ಲ. ಒಪ್ಪಿದರೆ ಪರದೆ ಮೇಲೆ ‘ನೇಮಕವಾಗಿದೆ, ಕೆಲಸಕ್ಕಾಗಿ ಕಾಯುತ್ತಿದ್ದಾನೆ’ ಎಂಬರ್ಥದ ಸಾಲು ಬರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೆಂಚ್! ಬೇಡ ಅಂದರೆ ಬರಿಗೈಲಿ ರಾಕ್ಷಸರ ಹಿಂಡಿನ ಮಧ್ಯೆ ಬಿಟ್ಟುಬಿಡ್ತಾನೆ. ನಾನು ಬೇಡ ಅಂದೆ.

ಮರುದಿನ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನಿಗೀಗ ಇಬ್ಬರು ಮಕ್ಕಳು. ಎಲ್ಲ ಕೇಳಿಸಿಕೊಂಡು ನಕ್ಕ.

‘ಆಮೇಲೆ ಸೇವ್ ಫೈಲ್ ಲೋಡ್ ಮಾಡಿ ಕೆಲಸ ಒಪ್ಕೊಂಡೆ ತಾನೇ ಮಾರಾಯಾ?’

‘ಹೂಂ ಅಣ್ಣಾ. ಇಎಂಐ ಇದೆಯಲ್ಲ.’