ಮದ್ದು ಮೊಂಡಾಗದಿರಲಿ

ಕಾಲಿಗೆ ಮುಳ್ಳು ಮುರಿದು, ನಂಜೇರಿ, ಗಟ್ಟಿಮುಟ್ಟಾದ ರೈತನೊಬ್ಬನು ಎಂಟು ದಿನಗಳಲ್ಲಿ ತೀರಿಕೊಂಡನೆಂಬ ಮಾತು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಸೋಜಿಗದ್ದಾಗಿರಲಿಲ್ಲ. ಹೆರಿಗೆಯಾದ ಮೂರನೆಯ ದಿನ ಜ್ವರವೇರಿ ಬಾಣಂತಿಯು ಕೂಸನ್ನು ತಬ್ಬಲಿ ಮಾಡಿ ಹೋದಳೆಂಬ ಸುದ್ದಿಯೂ ಓಣಿ ಓಣಿಗಳಲ್ಲಿ ಕೇಳಬರುತ್ತಿದ್ದಿತು. ಇಂದು ಅಂಥ ಸಾವುಗಳು ಬಹಳಷ್ಟು ಕಡಿಮೆಯಾಗಿವೆ. ಈ ಭಾಗ್ಯಕ್ಕೆ ಶುಚಿತ್ವ, ಲಸಿಕೆ, ಒಳ್ಳೆಯ ಆಹಾರ ಇವೆಲ್ಲವೂ ಕಾರಣಗಳೇ. ಆದರೂ ಎಲ್ಲರ ಬಾಯಲ್ಲಿ ‘ಆಂಟಿಬಯಾಟಿಕ್’ ಎಂದು ನೆಲೆನಿಂತಿರುವ ಪ್ರತಿಜೀವಕ ಔಷಧಗಳ ಪಾಲು ಬಹು ದೊಡ್ಡದು. ದುಡಿಸಿದಷ್ಟೂ ಮೊಂಡಾಗುವ ಕುಡುಗೋಲಿನಂತೆ ಈ ಔಷಧವು ಬೇಕಾದಲ್ಲಿ, ಬೇಡವಾದಲ್ಲಿ ಬಳಸಿದಷ್ಟೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವದು. ಕುಡುಗೋಲನ್ನು ಮತ್ತೆ ಮಸೆಯಬಹುದು. ಮೊಂಡಾದ ಮದ್ದನ್ನು ಮಸೆಯುವ ಸಾಣೆಕಲ್ಲು ಇನ್ನೂ ದೊರೆತಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳಂಥ ಊರುಗಳ ಆಸ್ಪತ್ರೆಗಳಲ್ಲಿ ಈ ಮದ್ದನ್ನು ಉಳಿಸಿಕೊಳ್ಳುವ ಬಗೆ ಯಾವದು, ಅದರಲ್ಲಿ ಮನೆಯವರ ಹೊಣೆ ಎಷ್ಟು ಎಂಬದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯ ಎಚ್ಚರಿಕೆಯು ಮದ್ದನ್ನು ಕಂಡುಹಿಡಿದವರಿಂದಲೇ ಬಂದಿತೆಂಬದು ಗಮನಿಸತಕ್ಕ ಮಾತು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಒಂದು ಬಗೆಯ ಬೂಸಿನಿಂದ ಪೆನಿಸಿಲಿನ್ ಹುಟ್ಟುವದನ್ನು ಕಂಡರು. ಅದನ್ನು ರೋಗಿಗಳಿಗೆ ಕೊಡುವಂತೆ ಮಾಡಿದ ಫ್ಲೋರಿ, ಚೇನ್ ಇವರೊಡನೆ 1945ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಒಂದು ಕಲ್ಪಿತ ದೃಷ್ಟಾಂತವನ್ನು ಹೇಳಿದರು. ಗಂಟಲು ನೋವಾದ ಗೃಹಸ್ಥನೊಬ್ಬನು ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವದಿಲ್ಲ, ಮದ್ದನ್ನು ಎದುರಿಸಲು ಕಲಿತುಕೊಳ್ಳುತ್ತವೆ. ಆ ಪಳಗಿದ ರೋಗಾಣುಗಳು ಅವನ ಹೆಂಡತಿಗೆ ತಗಲಿ ಅವಳಿಗೆ ನ್ಯೂಮೋನಿಯಾ ಆಗುತ್ತದೆ. ಪೆನಿಸಿಲಿನ್ ಕೊಟ್ಟರೂ ನಾಟುವದಿಲ್ಲ, ಅವಳು ಸಾಯುತ್ತಾಳೆ. ಈ ಸಾವಿಗೆ ಯಾರು ಹೊಣೆ? ಮದ್ದನ್ನು ಮನಬಂದಂತೆ ಬಳಸಿದ ಗಂಡನೇ ಎಂಬದು ಫ್ಲೆಮಿಂಗರ ಅಭಿಪ್ರಾಯ. ತಪ್ಪು ಒಬ್ಬರದು, ದಂಡ ಮತ್ತೊಬ್ಬರಿಗೆ: ಈ ವಿಷಯದ ತಿರುಳೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಇದು ಹೇಗಾಗುವದೆಂದು ಕೇಳಿದರೆ, ಹೊಲದ ದೃಷ್ಟಾಂತದಿಂದ ತಿಳಿಯಬಹುದು. ನಮ್ಮ ಕರುಳಿನಲ್ಲಿಯೂ ತೊಗಲಿನ ಮೇಲೂ ಅಸಂಖ್ಯ ಸೂಕ್ಷ್ಮಜೀವಿಗಳಿದ್ದು, ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳು. ಕೋಟಿಗೊಂದೆರಡಕ್ಕೆ ಮಾತ್ರ ಮದ್ದನ್ನು ತಡೆದುಕೊಳ್ಳುವ ಗುಣವಿರುತ್ತದೆ. ಪ್ರತಿಜೀವಕವು ಒಳಸೇರಿದಾಗ ಉಪಕಾರಿಗಳೂ ದುರ್ಬಲ ರೋಗಾಣುಗಳೂ ಸಾಯುತ್ತವೆ, ಬಲವುಳ್ಳವು ಉಳಿಯುತ್ತವೆ. ಪೈರನ್ನೂ ಕಳೆಯನ್ನೂ ಒಟ್ಟಿಗೆ ಸುಟ್ಟ ಹೊಲದಲ್ಲಿ ಬೇರು ಗಟ್ಟಿಯಾದ ಕಳೆಯೇ ಮೊದಲು ತಲೆಯೆತ್ತಿ ಹಬ್ಬುವಂತೆ ಅವು ಹಬ್ಬುತ್ತವೆ. ಅಷ್ಟೇ ಅಲ್ಲ, ಒಂದು ಜಾತಿಯ ಸೂಕ್ಷ್ಮಜೀವಿಯು ಈ ಗುಣವನ್ನು ನೆರೆಯ ಬೇರೆ ಜಾತಿಗೂ ದಾಟಿಸಬಲ್ಲದು. ಮದ್ದಿಗೆ ಒಗ್ಗಿಹೋಗುವದು ರೋಗಿಯ ದೇಹವಲ್ಲ, ರೋಗಾಣು. ಆದಕಾರಣ ಹುಟ್ಟಿದಂದಿನಿಂದ ಒಂದು ತೊಟ್ಟು ಔಷಧವನ್ನೂ ಕುಡಿಯದ ಹಸುಗೂಸಿಗೆ ಮದ್ದಿಗೆ ಬಗ್ಗದ ನಂಜು ತಗಲುವದುಂಟು.

2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಇಂಥ ಮದ್ದಿಗೆ ಮಣಿಯದ ಸೋಂಕುಗಳಿಂದಲೇ ಸತ್ತರೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ಈ ಭಾರವು ಬಡ ದೇಶಗಳ ಮೇಲೆಯೇ ಹೆಚ್ಚಾಗಿ ಬಿದ್ದಿದೆ. ಅಲ್ಲಿಯ ಸಂಕಟವು ಎರಡು ಮೊನೆಯುಳ್ಳದ್ದು: ನಿಜವಾಗಿ ಬೇಕಾದವರಿಗೆ ಸರಿಯಾದ ಮದ್ದು ಸಿಗುವದಿಲ್ಲ, ಬೇಡವಾದವರಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆಯೇ ಸಿಗುತ್ತದೆ. ‘ಮದ್ದು ಕಡಿಮೆ ಕೊಡಿರಿ’ ಎಂದು ಹೇಳುವದರಿಂದ ಮಾತ್ರ ಇದು ಬಗೆಹರಿಯುವದಿಲ್ಲ. ಬೇಕಾದಲ್ಲಿ ತಡಮಾಡದೆ ಕೊಡಬೇಕು, ಬೇಡವಾದಲ್ಲಿ ಕೊಡಲೇಬಾರದು. ಈ ವಿವೇಕವನ್ನು ನಡೆಸತಕ್ಕ ಸ್ಥಳವೇ ಆಸ್ಪತ್ರೆ.

ಈಗ ನಮ್ಮ ತಾಲೂಕಾ ಆಸ್ಪತ್ರೆಗಳತ್ತ ನೋಡೋಣ. ಬಸವಕಲ್ಯಾಣದ ಸೀಮೆಯೂ ಹುಮನಾಬಾದವೂ ಸೋಲಾಪುರದಿಂದ ಹೈದರಾಬಾದಕ್ಕೆ ಹೋಗುವ ಹೆದ್ದಾರಿಯ ಮೇಲಿವೆ. ಇಲ್ಲಿಯ ವೈದ್ಯರ ಕೈಮೀರಿದ ರೋಗಿಯನ್ನು ಬೀದರಕ್ಕೋ ಕಲಬುರಗಿಗೋ, ಇಲ್ಲವೆ ಸೋಲಾಪುರ, ಹೈದರಾಬಾದಗಳಿಗೋ ಒಯ್ಯಬೇಕು. ಜೋಳ, ತೊಗರಿಯ ಬೆಳೆಯನ್ನು ನಂಬಿದ ಕುಟುಂಬಕ್ಕೆ ದೂರದ ಊರಿನ ತೀವ್ರ ನಿಗಾ ಘಟಕದ ಹತ್ತು ದಿನಗಳೆಂದರೆ ಹಲವು ವರ್ಷಗಳ ಸಾಲ. ಅಗ್ಗದ ಮದ್ದು ನಾಟದೆ ಹೋದಾಗ ಸಾಹುಕಾರನು ದುಬಾರಿ ಮದ್ದನ್ನು ಕೊಳ್ಳಬಲ್ಲನು. ಬಡವನಿಗೆ ಆ ಅಗ್ಗದ ಮದ್ದೇ ಮೊದಲನೆಯದು, ಅದೇ ಕಡೆಯದು. ಅದರ ಶಕ್ತಿಯನ್ನು ಕಾಯುವದೆಂದರೆ ಬಡವನ ಜೀವವನ್ನೇ ಕಾಯ್ದಂತೆ.

ತಾಲೂಕಾ ವೈದ್ಯನ ಇಕ್ಕಟ್ಟನ್ನೂ ನಾವು ತಿಳಿಯಬೇಕು. ಜ್ವರದಿಂದ ಬಳಲುವ ಕೂಸು ನಡುರಾತ್ರಿ ಬರುತ್ತದೆ. ಯಾವ ರೋಗಾಣು, ಅದಕ್ಕೆ ಯಾವ ಮದ್ದು ನಾಟೀತು ಎಂದು ನಿಶ್ಚಯಿಸಬೇಕಾದರೆ ರಕ್ತವನ್ನು ತೆಗೆದು, ರೋಗಾಣುವನ್ನು ಬೆಳೆಸಿ ನೋಡುವ ‘ಕಲ್ಚರ್’ ಪರೀಕ್ಷೆಯಾಗಬೇಕು. ಅದಕ್ಕೆ ಎರಡು ಮೂರು ದಿನಗಳು ಬೇಕು. ತಾಲೂಕಾ ಮಟ್ಟದಲ್ಲಿ ಸಾಮಾನ್ಯವಾಗಿ ಅದರ ಅನುಕೂಲವಿಲ್ಲ. ಕಾಯುತ್ತ ಕೂತರೆ ಕೂಸಿನ ಪ್ರಾಣಕ್ಕೆ ಅಪಾಯ. ಹೀಗಾಗಿ ವೈದ್ಯನು ಅನುಭವದ ಮೇಲಿಂದ ಮದ್ದನ್ನು ಆರಂಭಿಸುತ್ತಾನೆ, ಅದು ತಪ್ಪಲ್ಲ. ಅಂದಾಜಿನಿಂದ ಆರಂಭಿಸಿದ್ದನ್ನು ಮತ್ತೆ ವಿಚಾರಿಸದೆ ಹಾಗೆಯೇ ನಡೆಯಿಸುವದೇ ತಪ್ಪು.

ಹಾಗಾದರೆ ಸಣ್ಣ ಆಸ್ಪತ್ರೆಯು ದೊಡ್ಡ ಖರ್ಚಿಲ್ಲದೆ ಮಾಡಬಹುದಾದುದೇನು? ಮೊದಲನೆಯದು ಕೈತೊಳೆಯುವದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವ ಮೊದಲು ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂದು ಕಟ್ಟುಮಾಡಿದನು. ನೂರಕ್ಕೆ ಹತ್ತನ್ನೂ ಮೀರುತ್ತಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳುಗಳಲ್ಲಿ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಆಗ ಪ್ರತಿಜೀವಕವೆಂಬ ಹೆಸರೇ ಇರಲಿಲ್ಲ! ತಗಲದ ಸೋಂಕಿಗೆ ಮದ್ದೇ ಬೇಡ. ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸಾಬೂನು, ಪ್ರತಿಯೊಂದು ಹಾಸಿಗೆಯ ಬಳಿ ಕೈಗೆ ಹಚ್ಚಿಕೊಳ್ಳುವ ಸ್ಪಿರಿಟಿನ ದ್ರವ ಇವಿಷ್ಟು ಅನೇಕ ದುಬಾರಿ ಸೂಜಿಮದ್ದುಗಳಿಗಿಂತ ಮೇಲು.

ಎರಡನೆಯದು, ಶಸ್ತ್ರಕ್ರಿಯೆಯ ಕಾಲದ ಮಿತ. ಗಾಯ ಕೊಳೆಯದಿರಲೆಂದು ಕೊಡುವ ಪ್ರತಿಜೀವಕವನ್ನು ಕೊಯ್ಯುವ ಮೊದಲೇ ಕೊಡಬೇಕು. ಹಲವು ಶಸ್ತ್ರಕ್ರಿಯೆಗಳಲ್ಲಿ ಅಷ್ಟೇ ಸಾಕು. ಶಸ್ತ್ರಕ್ರಿಯೆ ಮುಗಿದ ಮೇಲೆ ‘ಯಾವದಕ್ಕೂ ಇರಲಿ’ ಎಂದು ಐದಾರು ದಿನ ಮುಂದುವರಿಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಸಲಹೆ ಮಾಡಿದೆ. ಸರಿಯಾದ ವೇಳೆಯ ಒಂದೇ ಮಾತ್ರೆಗೆ ಎಷ್ಟು ಶಕ್ತಿಯುಂಟೆಂಬದಕ್ಕೆ ನಮ್ಮ ಬೆಳಗಾವಿಯೂ ಸಾಕ್ಷಿ. ಅಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ ಕೂಡಿದಂತೆ ಏಳು ದೇಶಗಳಲ್ಲಿ 29,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪ್ರಯೋಗವೊಂದರ ಫಲವು 2023ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಗೆಂದು ಬಂದವರಿಗೆ ಬೇನೆಯ ಕಾಲದಲ್ಲಿ ಒಂದೇ ಸಲ ಅಜಿತ್ರೊಮೈಸಿನ್ ಕೊಟ್ಟಾಗ, ತಾಯಂದಿರಲ್ಲಿ ರಕ್ತನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಕೂಸುಗಳಿಗೆ ಮಾತ್ರ ಅದರಿಂದ ವಿಶೇಷ ಲಾಭ ಕಾಣಲಿಲ್ಲ. ಮದ್ದಿನ ಉಪಯೋಗವನ್ನು ಹೀಗೆ ಅಳೆದು ನೋಡಿ, ಯಾರಿಗೆ, ಯಾವಾಗ, ಎಷ್ಟು ಎಂದು ನಿಶ್ಚಯಿಸುವದೇ ವಿವೇಕ.

ಮೂರನೆಯದು ಬರವಣಿಗೆ. ಪ್ರತಿಜೀವಕವನ್ನು ಬರೆಯುವಾಗ ಅದರ ಕಾರಣವನ್ನೂ ಚೀಟಿಯಲ್ಲಿ ತಪ್ಪದೆ ಬರೆಯಬೇಕೆಂದು ಕೇಂದ್ರ ಸರಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ವೈದ್ಯರನ್ನು ಕೇಳಿಕೊಂಡಿತು. ಕಾರಣವನ್ನು ಬರೆಯುವ ಕೈ ಒಂದು ಕ್ಷಣ ನಿಂತು ವಿಚಾರಿಸುವದು. ಮದ್ದು ಆರಂಭಿಸಿದ ಎರಡನೆಯ ಅಥವಾ ಮೂರನೆಯ ದಿನ, ‘ಇದು ಇನ್ನೂ ಬೇಕೇ? ಸೂಜಿಯ ಬದಲು ಗುಳಿಗೆ ಸಾಕೇ? ನಿಲ್ಲಿಸಬಹುದೇ?’ ಎಂದು ಮರಳಿ ನೋಡುವ ಪದ್ಧತಿಯೂ ಇರಬೇಕು. ಇದಕ್ಕೆ ವೈದ್ಯರೊಡನೆ ದಾದಿಯರೂ ಔಷಧ ವಿತರಕರೂ ಕೂಡಿದ ಸಣ್ಣದೊಂದು ಕೂಟ ಸಾಕು.

ನಾಲ್ಕನೆಯದು, ಮದ್ದುಗಳ ತರತಮ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪು ಮಾಡಿತು: ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸತಕ್ಕವು, ಎಚ್ಚರದಿಂದ ಬಳಸತಕ್ಕವು, ಕಡೆಗಾಲಕ್ಕೆಂದು ಕಾಯ್ದಿಡತಕ್ಕವು. ಅಮಾಕ್ಸಿಸಿಲಿನ್ ಮೊದಲನೆಯ ಗುಂಪಿನದು, ಸೆಫ್ಟ್ರಿಯಾಕ್ಸೋನ್ ಎರಡನೆಯದರದು, ಕೊಲಿಸ್ಟಿನ್ ಮೂರನೆಯದರದು. ಬಳಸುವ ಮದ್ದಿನಲ್ಲಿ ನೂರಕ್ಕೆ 70 ಪಾಲಾದರೂ ಮೊದಲನೆಯ ಗುಂಪಿನದಾಗಿರಬೇಕೆಂದು 2024ರಲ್ಲಿ ವಿಶ್ವಸಂಸ್ಥೆಯ ಸಭೆಯು 2030ರ ಗುರಿಯನ್ನಿಟ್ಟಿತು. ಜಿಲ್ಲೆಯಲ್ಲಿ ಯಾವ ರೋಗಾಣುವಿಗೆ ಯಾವ ಮದ್ದು ನಾಟುತ್ತಿದೆಯೆಂಬ ಪಟ್ಟಿಯನ್ನು ಬೀದರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಬೋಧನಾ ಆಸ್ಪತ್ರೆಯಿಂದ ಕಾಲಕಾಲಕ್ಕೆ ತರಿಸಿಕೊಂಡರೆ, ತಾಲೂಕಾ ವೈದ್ಯನ ಅಂದಾಜಿಗೂ ಒಂದು ಆಧಾರ ದೊರೆಯುವದು.

ಆಸ್ಪತ್ರೆಯ ಗೋಡೆಯಾಚೆಗೂ ನೋಡಬೇಕು. ಹುಮನಾಬಾದದಿಂದ ಇದೇ ಹೆದ್ದಾರಿ ಹಿಡಿದು ಹೈದರಾಬಾದಕ್ಕೆ ಹೋಗುವಾಗ ಪಟಾನ್‌ಚೆರು ಸಿಗುತ್ತದೆ. ಅಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಹೊಲಸು ನೀರನ್ನು ಶುದ್ಧೀಕರಿಸುತ್ತಿದ್ದ ಸ್ಥಾವರದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂ ವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕವಿದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಮದ್ದು ತೆಗೆದುಕೊಂಡ ರೋಗಿಯ ರಕ್ತದಲ್ಲಿರುವದಕ್ಕಿಂತಲೂ ಇದು ಹೆಚ್ಚು! ಅಂಥ ನೀರಿನಲ್ಲಿ ರೋಗಾಣುಗಳಿಗೆ ಹಗಲಿರುಳು ಗರಡಿಯ ಸಾಧನೆ ನಡೆದಂತೆ. ಉಳಿದ ಗುಳಿಗೆಯನ್ನು ಗಟಾರಕ್ಕೋ ಕೆರೆಗೋ ಚೆಲ್ಲುವ ಮನೆಯೂ ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುವದು.

ಇನ್ನು ಮನೆಯವರ ಮಾತು. ಎರಡು ದಿನಗಳಲ್ಲಿ ಜ್ವರ ಇಳಿಯಲಿಲ್ಲವೆಂದು ವೈದ್ಯನನ್ನು ಬದಲಿಸುವವರೂ, ‘ಒಂದು ಸೂಜಿ ಮಾಡಿರಿ, ಸಲಾಯಿನ್ ಹಚ್ಚಿರಿ’ ಎಂದು ಒತ್ತಾಯಿಸುವವರೂ ನಮ್ಮಲ್ಲಿ ಕಡಿಮೆಯಿಲ್ಲ. ನೆಗಡಿ, ಡೆಂಗ್ಯೂ, ಬಹುತೇಕ ಕೆಮ್ಮು ಗಂಟಲು ನೋವುಗಳು ವೈರಸ್ಸಿನಿಂದ ಬರುತ್ತವೆ. ಅವುಗಳ ಮೇಲೆ ಪ್ರತಿಜೀವಕವು ನಡೆಯುವದೇ ಇಲ್ಲ. ಮಕ್ಕಳ ಸಾಮಾನ್ಯ ಭೇದಿಗೆ ಮುಖ್ಯವಾಗಿ ಬೇಕಾದದ್ದು ಓಆರ್‌ಎಸ್ ನೀರು ಮತ್ತು ಸತುವಿನ ಗುಳಿಗೆ. ವೈದ್ಯನು ಮದ್ದು ಬರೆದಾಗ ಸೌಜನ್ಯದಿಂದ ಕೇಳಬಹುದಾದ ಪ್ರಶ್ನೆಗಳುಂಟು: ‘ಇದರಲ್ಲಿ ಆಂಟಿಬಯಾಟಿಕ್ ಇದೆಯೇ? ಯಾತಕ್ಕಾಗಿ? ಎಷ್ಟು ದಿನ?’ ಹೇಳಿದಷ್ಟು ದಿನ, ಹೇಳಿದ ವೇಳೆಗೆ ತೆಗೆದುಕೊಳ್ಳಬೇಕು; ತಾವಾಗಿ ನಿಲ್ಲಿಸಲೂ ಬಾರದು, ಬೆಳೆಸಲೂ ಬಾರದು. ಉಳಿದುದನ್ನು ಮಾಡಿನಲ್ಲಿಟ್ಟು ಮುಂದಿನ ಜ್ವರಕ್ಕೋ ನೆರೆಯವರ ಕೂಸಿಗೋ ಕೊಡಕೂಡದು. ಔಷಧದ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ಚೀಟಿಯಿಲ್ಲದೆ ಕೊಳ್ಳತಕ್ಕದ್ದಲ್ಲವೆಂದು ತಿಳಿಯಬೇಕು. 2014ರ ಮಾರ್ಚಿನಿಂದ ಜಾರಿಗೆ ಬಂದ ಎಚ್-1 ಅನುಸೂಚಿಯ ಮೇರೆಗೆ, ಅದರಲ್ಲಿ ಸೇರಿದ ಪ್ರತಿಜೀವಕಗಳನ್ನು ಮಾರಿದಾಗ ರೋಗಿಯ ಹಾಗೂ ವೈದ್ಯನ ಹೆಸರನ್ನು ಅಂಗಡಿಯವನು ದಾಖಲೆಯಲ್ಲಿ ಬರೆದು ಮೂರು ವರ್ಷ ಇಡಬೇಕು.

ಹಾಗೆಂದು ಮದ್ದಿಗೆ ಹೆದರಿ ಕೂಡುವದೂ ಸಲ್ಲದು. ಎಳೆಗೂಸು ಹಾಲು ಕುಡಿಯದೆ ಮಂಕಾದರೆ, ಉಸಿರು ಬಿರುಸಾದರೆ, ಬಾಣಂತಿಗೆ ಚಳಿಜ್ವರ ಬಂದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮದ್ದು ಹುಟ್ಟಿರುವದು ಇಂಥ ಗಳಿಗೆಗಾಗಿಯೇ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ವೈದ್ಯವೃತ್ತಿಯೇ ಅವನ ಕಾಯಕ. ದುಡಿದದ್ದು ತನ್ನೊಬ್ಬನದಲ್ಲ, ಹತ್ತು ಜನರಿಗೆ ಸಲ್ಲತಕ್ಕದ್ದು ಎಂಬ ದಾಸೋಹದ ತಿಳಿವಳಿಕೆ ಆ ನೆಲದಲ್ಲಿ ಬೇರೂರಿತ್ತು. ಪ್ರತಿಜೀವಕವೂ ಅಂಥದೇ ಸೊತ್ತು. ಅಂಗಡಿಯಲ್ಲಿ ಹಣ ಕೊಟ್ಟು ಕೊಂಡರೂ ಅದರ ಶಕ್ತಿಯು ಕೊಂಡವನೊಬ್ಬನದಲ್ಲ. ಇಂದು ಒಂದು ಸಾಮಾನ್ಯ ನೆಗಡಿಗೆ ವ್ಯರ್ಥವಾಗದೆ ಉಳಿದ ಮದ್ದು, ನಾಳೆ ಯಾರದೋ ಮನೆಯ ತೊಟ್ಟಿಲನ್ನು ತುಂಬಿದಂತೆಯೇ ಇಡುವದು.